ಮಾವನ ಕೆಂಪು ಮುಖ

ಕುಡಿದ ತಕ್ಷಣ ಕೆಲವರ ಮುಖ ಕೆಂಪಗಾಗುತ್ತೆ, ಕಿವಿ ಬಿಸಿಯಾಗುತ್ತೆ, ಎದೆ ಡವಡವ ಹೊಡ್ಕೊಳ್ಳುತ್ತೆ. ಜಪಾನ್, ಚೀನಾ, ಕೊರಿಯಾ ಕಡೆ ಸುಮಾರು ಮೂರರಲ್ಲಿ ಒಬ್ಬರಿಗೆ ಹೀಗಂತೆ. ಒಳಗೆ ಹೋದ ಆಲ್ಕೋಹಾಲ್ ಮೊದಲು ಅಸಿಟಾಲ್ಡಿಹೈಡ್ ಅನ್ನೋ ವಿಷ ಆಗುತ್ತೆ. ಅದನ್ನ ಕರಗಿಸೋ ಕಿಣ್ವ ಅವರಲ್ಲಿ ಹುಟ್ಟಿನಿಂದಲೇ ಸೋಮಾರಿ. ನಮ್ಮ ಕಡೆ ಇದು ಅಪರೂಪ. (ನಂದಿ ಬೆಟ್ಟದ ಬುಡದ ವೈನ್ ಕುಡಿದು ಸೀನೋ ಗೆಳೆಯನೊಬ್ಬ ಇದ್ದಾನೆ. ವೈನಿನ ಸಲ್ಫೈಟು, ಹಿಸ್ಟಮೈನಿನ ಕಥೆಯೇ ಬೇರೆ, ಇನ್ನೊಂದು ದಿನ ಬರೀತೀನಿ.)

ಹಾಗಿರುವಾಗ ದೊಡ್ಡಬಳ್ಳಾಪುರದಲ್ಲಿ ಮಗ್ಗ ನಡೆಸೋ, ಸಾರಾಯಿ ಪ್ಯಾಕೆಟ್ ಕಾಲದಿಂದ ಕುಡೀತಿರೋ ನನ್ನ ಸೋದರಮಾವನಿಗೆ 52ನೇ ವಯಸ್ಸಲ್ಲಿ ಇದ್ದಕ್ಕಿದ್ದಂಗೆ ಇದು ಹೇಗೆ ಬಂತು?

ಬೀಗರೂಟದ ದಿನ. ಊಟಕ್ಕೆ ಮುಂಚೆ ಒಂದು ತೊಂಬತ್ತು ಹಾಕ್ಕೊಂಡು ಬಂದ್ರು. ಹತ್ತು ನಿಮಿಷಕ್ಕೆ ಮುಖ, ಕತ್ತು ಎಲ್ಲಾ ಕೆಂಪು, ಕಣ್ಣಂತೂ ಕೆಂಡ. ಆಮೇಲೆ ವಾಂತಿ, ಬೆವರು. "ಡೂಪ್ಲಿಕೇಟ್ ಮಾಲು ಕಣೋ" ಅಂದ ಒಬ್ಬ. "ಅಲರ್ಜಿ ಇರ್ಬೇಕು" ಅಂದ ಇನ್ನೊಬ್ಬ. ಆಸ್ಪತ್ರೆಗೆ ಹೋಗೋ ಹೊತ್ತಿಗೆ ಬಿಪಿ ಪೂರ್ತಿ ಇಳಿದಿತ್ತು.

ಡಾಕ್ಟರು ಡ್ರಿಪ್ ಹಾಕಿಸ್ತಾ "ಏನಾದ್ರೂ ಮಾತ್ರೆ ತಗೋತಿದ್ದಾರಾ?" ಅಂದ್ರು. ಮಾವ ಇಲ್ಲ ಅಂತ ತಲೆಯಾಡಿಸಿದ್ರು. ಅತ್ತೆ ಮಾತ್ರ ಸೆರಗು ಬಾಯಿಗೊತ್ಕೊಂಡು ನನ್ನನ್ನ ಹೊರಗೆ ಕರೆದ್ರು.

"ಸಾರಿಗೆ ಮಾತ್ರೆ ಪುಡಿ ಮಾಡಿ ಹಾಕ್ತಿದ್ದೆ ಕಣಪ್ಪ. ಕುಡ್ತ ಬುಡಿಸ್ತದೆ ಅಂದ್ರು. ನಿಮ್ಮಾವಂಗೆ ಯೋಳ್‌ಬ್ಯಾಡ."

ಮಾವನಿಗೆ ಆಗ ಹೇಳಲಿಲ್ಲ. ಡಾಕ್ಟರಿಗೆ ಹೇಳಿದೆ. ಎರಡು ದಿನ ಆಸ್ಪತ್ರೇಲಿಟ್ಕೊಂಡು ನೋಡಿ ಕಳಿಸಿದ್ರು.

ಆ ಮಾತ್ರೆ ಡೈಸಲ್ಫಿರಾಮ್. ಹುಟ್ಟಿನಿಂದ ಕೆಲವರಲ್ಲಿ ಸೋಮಾರಿಯಾಗಿರೋ ಕಿಣ್ವವನ್ನೇ ಇದು ಬೇಕಂತಲೇ ಕಟ್ಟಿಹಾಕುತ್ತೆ. ಮೊದಲು ಇದು ರಬ್ಬರ್ ಕಾರ್ಖಾನೆಯ ರಾಸಾಯನಿಕ. ಅಲ್ಲಿನ ಕೆಲಸಗಾರರಿಗೆ ಕುಡಿದ್ರೆ ಆಗ್ತಿರಲಿಲ್ಲ ಅನ್ನೋದನ್ನ 1937ರಲ್ಲೇ ಅಮೆರಿಕದ ಒಬ್ಬ ಡಾಕ್ಟರು ಬರೆದಿದ್ರು. ಆಮೇಲೆ 1940ರ ದಶಕದಲ್ಲಿ ಡೆನ್ಮಾರ್ಕಿನ ಹಾಲ್ಡ್ ಮತ್ತು ಯಾಕೊಬ್ಸೆನ್ ಹೊಟ್ಟೆಹುಳಕ್ಕೆ ಔಷಧಿ ಹುಡುಕ್ತಾ ತಾವೇ ಇದನ್ನ ನುಂಗಿ, ಕುಡಿದು ಒದ್ದಾಡಿ ಕಂಡುಕೊಂಡ್ರು. ಒಳ್ಳೇ ಔಷಧಿಯೇ. ಆದ್ರೆ ರೋಗಿಗೆ ಗೊತ್ತಿಲ್ಲದೆ ಕೊಡಲೇಬಾರದು ಅನ್ನೋದು ಮೊದಲ ನಿಯಮ. ಹೃದಯದ ತೊಂದರೆ ಇದ್ದೋರಿಗೆ ಪ್ರಾಣಕ್ಕೇ ಸಂಚಕಾರ. ಮಾತ್ರೆ ನಿಲ್ಲಿಸಿದ ಮೇಲೂ ಎರಡು ವಾರದ ತನಕ ಅದರ ಪ್ರಭಾವ ಇರಬಹುದು. ಆಲ್ಕೋಹಾಲ್ ಇರೋ ಕೆಮ್ಮಿನ ಸಿರಪ್ ಕುಡಿದ್ರೂ ಸಾಕು.

ಇಷ್ಟೆಲ್ಲಾ ಇದ್ರೂ ನಮ್ಮೂರ ಗೋಡೆ ಮೇಲೆ "ಅವರಿಗೆ ತಿಳಿಯದಂತೆ ಕುಡಿತ ಬಿಡಿಸಿ" ಅಂತ ಫೋನ್ ನಂಬರ್ ಸಮೇತ ಬರೆದಿರುತ್ತಾರೆ. ಆ ಪುಡಿಯಲ್ಲಿ ಏನಿದೆಯೋ ದೇವರೇ ಬಲ್ಲ. ಅತ್ತೆ ಮೇಲೆ ನನಗೆ ಸಿಟ್ಟು ಬರಲಿಲ್ಲ. 2007ರ ಜುಲೈನಲ್ಲಿ ಸಾರಾಯಿ ನಿಂತಾಗ ಖುಷಿಪಟ್ಟಿದ್ದ ಹೆಂಗಸು. ಮಾವ ಪ್ಯಾಕೆಟ್ಟಿಂದ ಕ್ವಾರ್ಟರಿಗೆ ಬಂದ್ರು, ಖರ್ಚು ಜಾಸ್ತಿ ಆಯ್ತು ಅಷ್ಟೇ. ವಾರದ ಬಟವಾಡೆ ಮನೆ ತಲುಪ್ತಿರಲಿಲ್ಲ. ನಿಮ್ಹಾನ್ಸ್‌ನಲ್ಲಿ ಇದಕ್ಕೇ ಬೇರೆ ವಿಭಾಗ ಇದೆ ಅಂದ್ರೆ "ಮಗ್ಗ ನಿಲ್ಸಿ ಅವ್ರ್ ಬತ್ತಾರಾ?" ಅಂತ ಕೇಳಿದ್ರು. ನನ್ನ ಹತ್ರ ಉತ್ತರ ಇರಲಿಲ್ಲ.

ಕೊನೆಗೆ ಮಾವನಿಗೆ ವಿಷಯ ಹೇಳಿದ್ದು ಡಾಕ್ಟರೇ. ಜಗಳ ಆಗುತ್ತೆ ಅಂದ್ಕೊಂಡಿದ್ವಿ, ಆಗಲಿಲ್ಲ. ಮಾವ ತಿಂಗಳುಗಟ್ಟಲೆ ಬಸ್ ಸ್ಟ್ಯಾಂಡ್ ಹತ್ರದ ಹೋಟ್ಲಲ್ಲಿ ಊಟ ಮಾಡಿದ್ರು. ಕುಡಿಯೋದು ಕಡಿಮೆಯಾಗಿದೆ, ನಿಂತಿಲ್ಲ. ಈಗ ಮನೇಲೇ ಉಣ್ತಾರೆ. ಆದ್ರೆ ಮುದ್ದೆ ತಟ್ಟೆಗೆ ಬಿದ್ದ ಮೇಲೂ ಸುಮ್ನೆ ಕೂತಿರ್ತಾರೆ. ಅತ್ತೆ ಅದೇ ಪಾತ್ರೆಯಿಂದ ಸಾರು ಬಿಟ್ಕೊಂಡು ಮೊದಲ ತುತ್ತು ನುಂಗಬೇಕು.