ಹೊಳೆಯ ಮೇಲಿನ ಓರೆ ಸಾಲು

ಹುಲಕೋಟಿಗೆ ಹೊಳೆ ಇಲ್ಲ. ಎರೆಹೊಲ, ಹತ್ತಿ, ಜೋಳ, ಗದಗ–ಹುಬ್ಬಳ್ಳಿ ರಸ್ತೆ, ರೈಲು ಹಳಿ, ನೂಲಿನ ಗಿರಣಿ, ಇಷ್ಟೇ ನಮ್ಮೂರು. ಮಳೆಯಾದರೆ ಕಾಲಿಗೆ ಹತ್ತಿ ಬಿಡದ ಕರಿಮಣ್ಣು. ಆಗದಿದ್ದರೆ ಮಕ್ಕಳ ಪಾದ ಸಿಕ್ಕಿಬೀಳುವಷ್ಟು ಬಾಯ್ಬಿಟ್ಟ ಬಿರುಕು. ಈಜು ಕಲಿತದ್ದು ತೋಟದ ಬಾವಿಯಲ್ಲಿ, ಬೆನ್ನಿಗೆ ಬೆಂಡು ಕಟ್ಟಿಕೊಂಡು. ಅಂಥ ಊರಿನ ಹುಡುಗನಾದ ನನಗೆ ಬಾಲ್ಯ ಎಂದೊಡನೆ ಮೊದಲು ಕಣ್ಣಿಗೆ ಬರುವುದು ತುಂಗಭದ್ರೆಯ ಮೇಲೆ ಗಿರಗಿರ ತಿರುಗುತ್ತ ಹೋಗುವ ಹರಿಗೋಲುಗಳ ಸಾಲು.

ಮೈಲಾರಲಿಂಗ ನಮ್ಮ ಮನೆದೇವರು. ಹೊಳೆಯಾಚೆಯ ಮೈಲಾರದಲ್ಲಿ ಅವನ ಜಾತ್ರೆ ಕೂಡುವ ಭಾರತ ಹುಣ್ಣಿಮೆ ಹತ್ತಿರ ಬಂತೆಂದರೆ ಅಜ್ಜ ಚಕ್ಕಡಿಯ ಗಾಲಿಗೆ ಕೀಲೆಣ್ಣೆ ಬಿಡುತ್ತಿದ್ದ. ಅವ್ವ ಎರಡು ದಿನ ಮೊದಲೇ ಸಜ್ಜಿ ರೊಟ್ಟಿ ಬಡಿದು, ಕಟಕಾಗುವಂತೆ ಒಣಗಿಸಿ, ಶೇಂಗಾ ಚಟ್ನಿಯ ಜೊತೆ ಬುತ್ತಿ ಕಟ್ಟುತ್ತಿದ್ದಳು. ಮುಳಗುಂದದ ಮೇಲೆ ಹಾಯ್ದು, ಶಿರಹಟ್ಟಿ, ಬೆಳ್ಳಟ್ಟಿ ದಾಟಿ, ಹೊಳೆ ಇಟಗಿಯ ಕಡೆಗೆ ನಮ್ಮ ದಾರಿ. ನಡುವೆ ಒಂದು ರಾತ್ರಿ ಯಾವುದೋ ಗುಡಿಯ ಮುಂದೆ ಎತ್ತು ಬಿಚ್ಚಿ ಮಲಗುತ್ತಿದ್ದೆವು. 1970ರ ದಶಕದ ಮೊದಲ ವರ್ಷಗಳ ಮಾತಿದು.

ಹೊಳೆ ಕಾಣುವ ಮೊದಲು ಅದರ ವಾಸನೆ ಬರುತ್ತಿತ್ತು. ಬಯಲುಸೀಮೆಯ ಮೂಗಿಗೆ ಹಸಿ ಮರಳಿನ ವಾಸನೆ ಎಷ್ಟು ದೂರದಿಂದ ಬಂದರೂ ಗೊತ್ತಾಗುತ್ತದೆ. ಆಮೇಲೆ ದಂಡೆ, ಜನ, ಡಮರುಗದ ಸದ್ದು. ಕರಿ ಕಂಬಳಿಯ, ಕರಡಿ ತೊಗಲಿನ ಟೊಪ್ಪಿಗೆಯ ಗೊರವಪ್ಪಗಳು. ಎಲ್ಲರ ಹಣೆಯ ಮೇಲೂ ಭಂಡಾರ. ನೀರಿನ ಅಂಚಿನಲ್ಲಿ ಹತ್ತು ಹನ್ನೆರಡು ಹರಿಗೋಲು, ಬೋರಲು ಹಾಕಿದ ದೊಡ್ಡ ಬುಟ್ಟಿಗಳ ಹಾಗೆ. ಅಂಬಿಗರು ಅವುಗಳಿಗೂ ಭಂಡಾರ ಹಚ್ಚಿ, ಗಂಗವ್ವನಿಗೆ ಕಾಯಿ ಒಡೆದು, ಒಂದೊಂದಾಗಿ ಅಂಗಾತ ಮಾಡಿ ನೀರಿಗೆ ತಳ್ಳುತ್ತಿದ್ದರು.

ಆ ದಿನಗಳಲ್ಲಿ ಹೊಳೆ ಅರ್ಧ ಮರಳು, ಅರ್ಧ ನೀರು. ಎತ್ತುಗಳನ್ನು ಬಿಚ್ಚಿ ಈಜಿಸುತ್ತಿದ್ದರು. ನೀರು ತೆಳ್ಳಗಿದ್ದ ಕಡೆ ಖಾಲಿ ಚಕ್ಕಡಿಯನ್ನು ಗಂಡಸರು ತಳ್ಳಿಕೊಂಡು ದಾಟಿಸುತ್ತಿದ್ದರು. ಮುದುಕರು, ಹೆಂಗಸರು, ಮಕ್ಕಳು ಹರಿಗೋಲಿಗೆ. "ನಿಂದರಬ್ಯಾಡ್ರೀ, ಕುಂಡ್ರಿ. ತಂಗೀ, ನೀ ನಡುವ ಸರಿ. ಯಜಮಾನ್ರ, ಅಂಚಿಗೆ ಕೈ ಹಾಕಬ್ಯಾಡ್ರಿ" ಎಂದು ಅಂಬಿಗ ಒಬ್ಬೊಬ್ಬರ ತೂಕವನ್ನೂ ಕಣ್ಣಿನಲ್ಲೇ ಅಳೆದು ಕೂರಿಸುತ್ತಿದ್ದ. ಎಂಥ ಗೌಡನಾದರೂ ಹರಿಗೋಲಿನಲ್ಲಿ ಅವನು ಹೇಳಿದಲ್ಲಿ ಮೊಳಕಾಲು ಮಡಚಿ ಕೂರಬೇಕು. ಅದು ನನಗೆ ಬಹಳ ಹಿಡಿಸಿತ್ತು.

ಒಂದು ಹೊರಟ ಬೆನ್ನಿಗೆ ಇನ್ನೊಂದು. ದುಂಡಗಿನ ಹರಿಗೋಲು ನೆಟ್ಟಗೆ ಹೋಗುವುದಿಲ್ಲ, ತನ್ನ ಸುತ್ತ ತಾನೇ ತಿರುಗುತ್ತ ಹೋಗುತ್ತದೆ. ಹುಟ್ಟನ್ನು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಹಾಕಿ ಆ ತಿರುಗುವಿಕೆಯನ್ನೇ ಮುಂದಿನ ದಾರಿಯಾಗಿ ಮಾಡಿಕೊಳ್ಳುವುದು ಅಂಬಿಗನ ವಿದ್ಯೆ. ಸೆಳವು ಎಲ್ಲವನ್ನೂ ಒಂದೇ ಅಳತೆಯಲ್ಲಿ ಕೆಳಗೆ ಒಯ್ಯುವುದರಿಂದ ಹೊಳೆಯ ಮೇಲೆ ಈ ದಡದಿಂದ ಆ ದಡಕ್ಕೆ ಓರೆಯಾಗಿ ಎಳೆದ ಗೆರೆಯಂಥ ಸಾಲು ಮೂಡುತ್ತಿತ್ತು. ಸಾಲಿನ ತುಂಬ ಕರಿ ಕಂಬಳಿ, ಕೆಂಪು ಇಳಕಲ್ ಸೀರೆ, ಹಳದಿ ಭಂಡಾರ. ಮುಂದಿನ ಹರಿಗೋಲಿನಲ್ಲಿ "ಏಳುಕೋಟಿ" ಎಂದರೆ ಹಿಂದಿನ ಹರಿಗೋಲಿನಿಂದ ಮರುದನಿ. ಆಮೇಲೆ ನಾನು ಬೇರೆ ಊರುಗಳಲ್ಲಿ ಎಷ್ಟೋ ಮೆರವಣಿಗೆ ನೋಡಿದ್ದೇನೆ. ನನ್ನ ಕಣ್ಣಿಗೆ ಮೆರವಣಿಗೆ ಎಂದರೆ ಇವತ್ತಿಗೂ ಅದೇ.

ಜಾತ್ರೆಯಲ್ಲಿ ಡೆಂಕನಮರಡಿಯ ಮೇಲೆ ಗೊರವಯ್ಯ ಬಿಲ್ಲೇರಿ "ಸದ್ದಲೇ" ಎಂದಾಗ ಲಕ್ಷ ಜನ ಉಸಿರು ಬಿಗಿಹಿಡಿಯುತ್ತಾರೆ. ಆ ವರ್ಷದ ಕಾರಣಿಕ ಒಂದೇ ಮಾತಿನಲ್ಲಿ ಮುಗಿದುಹೋಗುತ್ತದೆ. ಊರಿಗೆ ಬಂದ ಮೇಲೆ ಹಿರಿಯರು ಕಟ್ಟೆಯ ಮೇಲೆ ಕೂತು ಆ ಮಾತಿಗೆ ಮಳೆ, ಬೆಳೆ, ಹತ್ತಿಯ ಧಾರಣೆ ಎಲ್ಲವನ್ನೂ ಹೊಂದಿಸಿ ಅರ್ಥ ಹೇಳುವರು. ನಾನು ಗೆಳೆಯರಿಗೆ ಹೇಳುತ್ತಿದ್ದದ್ದು ಹರಿಗೋಲಿನ ಸುದ್ದಿ.

ಈ ಹೊಳೆಗೆ ದೋಣಿಯ ಸಾಲು ಹೊಸದಲ್ಲ. ಆಚೆ ದಡದ ಹೂವಿನಹಡಗಲಿಯ ಹೆಸರಿನಲ್ಲಿಯೇ ಹಡಗಿದೆ. ವಿಜಯನಗರದ ಕಾಲದಲ್ಲಿ ಇಲ್ಲಿಯ ಹೂವನ್ನು ತುಂಬಿಕೊಂಡು ಹಡಗುಗಳು ತುಂಗಭದ್ರೆಯಲ್ಲಿ ಇಳಿದು ಹಂಪಿಗೆ ಹೋಗುತ್ತಿದ್ದವು, ಅದಕ್ಕೇ ಈ ಹೆಸರು ಎಂಬುದು ಪ್ರತೀತಿ. ಹಡಗಲಿಯ ಮಲ್ಲಿಗೆ ಇಂದಿಗೂ ಹೆಸರುವಾಸಿ. ನಸುಕಿನ ಹೊಳೆಯ ಮೇಲೆ ಮಲ್ಲಿಗೆಯ ರಾಶಿ ಹೊತ್ತ ದೋಣಿಗಳು ಒಂದರ ಹಿಂದೊಂದು ಸಾಗಿರಬಹುದಾದ ನೋಟವನ್ನು ನಾನು ಎಷ್ಟು ಸಲ ಕಣ್ಣಮುಂದೆ ತಂದುಕೊಂಡಿದ್ದೇನೋ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪೇಯಸ್ ಆನೆಗೊಂದಿಗೆ ಹೊಳೆ ದಾಟುವ ಹರಿಗೋಲುಗಳನ್ನು ನೋಡಿ ಬರೆದಿಟ್ಟ. ಬುಟ್ಟಿಯಂಥ ದುಂಡು ದೋಣಿ, ಹೊರಗೆ ತೊಗಲು, ಹದಿನೈದು ಇಪ್ಪತ್ತು ಜನ ಹಿಡಿಸುತ್ತಾರೆ, ದನಗಳು ಹೆಚ್ಚಾಗಿ ಈಜಿಯೇ ದಾಟುತ್ತವೆ, ದೋಣಿ ಮಾತ್ರ ಸುತ್ತುತ್ತಲೇ ಇರುತ್ತದೆ ಎಂಬುದು ಅವನು ಕೊಟ್ಟ ವಿವರ. ನಾಲ್ಕೂವರೆ ಶತಮಾನದ ಮೇಲೆ ನಾನು ಕಂಡದ್ದರಲ್ಲಿ ತೊಗಲು ಹೋಗಿ ಡಾಂಬರು ಬಂದಿತ್ತು. ಉಳಿದದ್ದೆಲ್ಲ ಅವನು ಬರೆದ ಹಾಗೆಯೇ ಇತ್ತು.

ಅಂಬಿಗನೊಬ್ಬ ಹರಿಗೋಲು ಹೆಣೆಯುವುದನ್ನು ಒಂದು ವರ್ಷ ದಂಡೆಯ ಮೇಲೆ ಕೂತು ನೋಡಿದ್ದೆ. ಹಸಿ ಬಿದಿರನ್ನು ಸೀಳಿ, ಸೀಳುಗಳನ್ನು ಅಡ್ಡ ಉದ್ದ ಹಾಸಿ ತಳ ಹೆಣೆದು, ಅದು ಏಳದಂತೆ ಮೇಲೆ ಕಲ್ಲು ಹೇರುತ್ತಿದ್ದ. ತುದಿಗಳನ್ನು ಮೇಲಕ್ಕೆ ಬಾಗಿಸಿ ಸುತ್ತ ಬಿಗಿಯಾಗಿ ಅಂಚು ಕಟ್ಟಿದ ಮೇಲೆ ಹೊರಮೈಗೆ ಹೊದಿಕೆ, ಹೊದಿಕೆಗೆ ಡಾಂಬರು. ತೊಗಲಿನ ಕಾಲದಲ್ಲಿ ಸವಾರಿ ಮುಗಿದೊಡನೆ ಬಿಸಿಲಿಗೆ ಬೋರಲು ಹಾಕದಿದ್ದರೆ ಕೊಳೆಯುತ್ತಿತ್ತಂತೆ. ಹೊಳೆ ತುಂಬಿದಾಗ ದಾಟಿಸುವ ಪರಿಯನ್ನೂ ಅವನೇ ಹೇಳಿದ್ದು. ಹರಿಗೋಲನ್ನು ತಲೆಯ ಮೇಲೆ ಹೊತ್ತು ದಂಡೆಗುಂಟ ಮೇಲಕ್ಕೆ ನಡೆದು, ಅಲ್ಲಿ ನೀರಿಗಿಳಿಸಬೇಕು. ಸೆಳವು ಎಳೆದು ಎಳೆದು ಕೊನೆಗೆ ಆಚೆ ದಡದ ಸರಿಯಾದ ಜಾಗಕ್ಕೆ ತಂದು ನಿಲ್ಲಿಸುತ್ತದೆ. ಎಷ್ಟು ನೀರಿಗೆ ಎಷ್ಟು ಮೇಲಕ್ಕೆ ಹೋಗಬೇಕು ಎಂಬ ಲೆಕ್ಕ ಅವನ ಅಪ್ಪ ಕಲಿಸಿದ್ದು, ಅಪ್ಪನಿಗೆ ಅಜ್ಜ. ಊರವರಿಂದ ದಿನದ ಬಾಡಿಗೆ ಇಲ್ಲ. ಸುಗ್ಗಿಯಲ್ಲಿ ಕಣಕ್ಕೆ ಹೋದರೆ ಜೋಳ ಅಳೆದು ಕೊಡುತ್ತಿದ್ದರು. ಇದೇ ಹೊಳೆಯ ದಂಡೆಯಲ್ಲಿ, ಚೌಡದಾನಪುರದಲ್ಲಿ, 12ನೆಯ ಶತಮಾನದ ಶರಣ ಅಂಬಿಗರ ಚೌಡಯ್ಯನ ನೆನಪು ಉಳಿದಿದೆ. ಅವನ ಹೆಸರು ಬಂದಾಗಲೆಲ್ಲ ಈ ಅಂಬಿಗ ಹುಟ್ಟನ್ನು ಕೆಳಗಿಟ್ಟು ಕೈ ಮುಗಿಯುತ್ತಿದ್ದ.

ಸೇತುವೆ ಬೇಡವಾಗಿತ್ತು ಎನ್ನುವವನಲ್ಲ ನಾನು. ಹೊಳೆ ಏರಿದಾಗ ಹೆರಿಗೆ ನೋವಿನವರು ದಂಡೆಯಲ್ಲಿ ಕಾದ ಕತೆಗಳನ್ನು, ಮಗುಚಿದ ಹರಿಗೋಲುಗಳ ಕತೆಗಳನ್ನು ಕೇಳಿಯೇ ಬೆಳೆದಿದ್ದೇನೆ. ಕೊರ್ಲಹಳ್ಳಿ–ಮದಲಗಟ್ಟಿ ಸೇತುವೆಯ ಮೇಲೆ ಬಸ್ಸು ಓಡುವಾಗ ಕಿಟಕಿಯ ಪಕ್ಕದ ಅಜ್ಜಿ ನಿಶ್ಚಿಂತೆಯಿಂದ ಹೊಳೆಗೆ ನಾಣ್ಯ ಎಸೆಯುವುದು ನನಗೂ ಸಂತೋಷವೇ. ಹಮ್ಮಿಗಿಯ ಹತ್ತಿರ ಸಿಂಗಟಾಲೂರ ಏತ ನೀರಾವರಿಯ ಬ್ಯಾರೇಜು ಎದ್ದಿತು. ಅಲ್ಲಿಂದ ಕೊಳವೆಯಲ್ಲಿ ಗದಗ–ಬೆಟಗೇರಿಗೆ ನೀರು ಬರುತ್ತದೆ. ಅದೇ ನೀರಿಗಾಗಿ ಬಿದರಳ್ಳಿ, ವಿಠಲಾಪುರ, ಗುಮ್ಮಗೋಳದಂಥ ಊರುಗಳು ನೆಲೆ ಕಳೆದುಕೊಂಡವು. ಹರಿಯುವ ಹೊಳೆ ಅಲ್ಲಿ ನಿಂತ ನೀರಾಗಿದೆ. ನಿಂತ ನೀರಿನಲ್ಲಿ ಅಪ್ಪ ಕಲಿಸಿದ ಸೆಳವಿನ ಲೆಕ್ಕ ಯಾವ ಕೆಲಸಕ್ಕೂ ಬಾರದು.

ಬನಶಂಕರಿಯಲ್ಲೂ ಇದೇ ಸಂಕಟ ನನ್ನನ್ನು ಹಿಡಿದಿತ್ತು. ಬನದ ಹುಣ್ಣಿಮೆಯ ಜಾತ್ರೆಗೆ ನಮ್ಮ ಕಡೆಯಿಂದ ನಡೆದು ಹೋಗುವವರು ಈಗಲೂ ಇದ್ದಾರೆ. ಹರಿದ್ರಾತೀರ್ಥದ ಹೊಂಡದಲ್ಲಿ ತೆಪ್ಪೋತ್ಸವ, ಬಾಳೆದಿಂಡಿನ ತೆಪ್ಪದಲ್ಲಿ ಎಳೆಗೂಸುಗಳನ್ನು ಮಲಗಿಸಿ ನೀರಿನ ಮೇಲೆ ತೇಲಿಸುವ ಹರಕೆ. ನನ್ನ ತಂಗಿಯನ್ನೂ ಹಾಗೆ ತೇಲಿಸಿದ್ದರು. ಅವಳು ಅಳಲಿಲ್ಲ, ದಂಡೆಯಲ್ಲಿ ನಿಂತ ಅವ್ವ ಅತ್ತಿದ್ದಳು. ಮಳೆ ಕೈಕೊಟ್ಟು ಹೊಂಡ ಬತ್ತಿದ ಒಂದು ವರ್ಷ ಆ ಮೆಟ್ಟಿಲುಗಳ ಮೇಲೆ ಕೂತು, ತೆಪ್ಪ ಹೋಗುತ್ತಿದ್ದ ಜಾಗದಲ್ಲಿ ಹುಡುಗರು ಓಡಾಡುವುದನ್ನು ನೋಡಲಾರದೆ ಎದ್ದು ಬಂದೆ.

ಹೋದ ಬೇಸಿಗೆಯಲ್ಲಿ ಮತ್ತೆ ಹೊಳೆದಂಡೆಯ ಕಡೆ ಹೋಗಿದ್ದೆ. ಮೀನು ಹಿಡಿಯಲು ಫೈಬರಿನ ತೆಪ್ಪಗಳು ಬಂದಿವೆ. ಹಗುರ, ತೂತು ಬೀಳುವುದಿಲ್ಲ. ಬಿದಿರಿನದು ಎಲ್ಲಾದರೂ ಇದೆಯೇ ಎಂದು ಕೇಳಿದ್ದಕ್ಕೆ ಹುಡುಗನೊಬ್ಬ ತನ್ನ ಅಜ್ಜನ ಮನೆಗೆ ಕರೆದೊಯ್ದ. ಹಿತ್ತಲಲ್ಲಿ ಸೌದೆಯ ಮೇಲೆ ಬೋರಲು ಬಿದ್ದಿತ್ತು ಹರಿಗೋಲು, ಅದರ ನೆರಳಿಗೆ ಕೋಳಿಗಳು.

"ಯಾವೂರ್ರಿ?" ಎಂದ ಅಜ್ಜ. ಹುಲಕೋಟಿ ಎಂದೆ. "ಮೈಲಾರಕ್ಕ ಚಕ್ಕಡಿ ತರತಿದ್ರಿ ನೀವು" ಎಂದು ತಾನೇ ನೆನಪು ಮಾಡಿಕೊಂಡ. ನೋಡಬೇಕು ಎಂದಾಗ ನಾವಿಬ್ಬರೂ ಹುಡುಗನೂ ಸೇರಿ ಅದನ್ನು ಅಂಗಾತ ಮಾಡಿದೆವು. ಒಳಗೆ ಹೆಣಿಗೆ ಇನ್ನೂ ಬಿಗಿಯಾಗಿತ್ತು. ಅಂಚಿನ ಒಂದು ಕಡೆ, ಹುಟ್ಟು ತಾಗಿ ತಾಗಿ, ಬಿದಿರು ಹುಣಸೆಬೀಜದಂತೆ ನುಣುಪಾಗಿ ಹೊಳೆಯುತ್ತಿತ್ತು. ಅಜ್ಜ ಅದರ ಮೇಲೆ ಹೆಬ್ಬೆರಳು ಆಡಿಸಿದ.

ಮಳೆ ಬರುವ ಹಾಗಿತ್ತು. ತಿರುಗಿ ಬೋರಲು ಹಾಕೋಣ ಎಂದ. ಮೂವರೂ ಕೈ ಹಚ್ಚಿದೆವು. ಎರಡು ಸಲ ಜಾರಿತು. "ಒಬ್ಬನ ತಲೀಮ್ಯಾಲೆ ಹೊತಗೊಂಡು ಹೋಗತಿದ್ದೆನ್ರಿ" ಎಂದ ಅಜ್ಜ, ಅಂಚನ್ನು ಬಿಡದೆ.