ಕೈಗೆ ಬಂದ ಭಾರ

ಡ್ರ್ಯಾಗ್ ರೇಸ್ ಎಂದರೆ ನೆಟ್ಟಗೆ ಓಡುವುದು ತಾನೇ, ಅದಕ್ಕೆ ಸ್ಟೀರಿಂಗ್ ಯಾವುದಾದರೇನು ಎಂದು ಕೇಳುವವರು ಬಹಳ. ಕಾಲು ಮೈಲಿ, ಅಂದರೆ 402 ಮೀಟರ್. ತಿರುವಿಲ್ಲ, ಏರಿಳಿತವಿಲ್ಲ, ಎದುರಿನಿಂದ ಬರುವ ಗಾಡಿಯಿಲ್ಲ. ಆದರೆ ಆ 402 ಮೀಟರ್ ಮುಗಿಯುವವರೆಗೆ ಕೈಗಳಿಗೆ ಬಿಡುವೇ ಇರುವುದಿಲ್ಲ. ಹಸಿರು ದೀಪ ಹತ್ತಿದೊಡನೆ ಕಾರಿನ ಮೂಗು ಮೇಲೇಳುತ್ತದೆ; ಮುಂದಿನ ಚಕ್ರಗಳ ಮೇಲಿದ್ದ ಭಾರ ಹಿಂದಕ್ಕೆ ಸರಿಯುತ್ತದೆ; ಹಿಂದಿನ ಎರಡು ಟೈರುಗಳಲ್ಲಿ ಒಂದು ತುಸು ಹೆಚ್ಚು, ಇನ್ನೊಂದು ತುಸು ಕಡಿಮೆ ಹಿಡಿದರೆ ಸಾಕು, ಇಡೀ ಗಾಡಿ ಪಕ್ಕಕ್ಕೆ ಎಳೆಯುತ್ತದೆ. ಅದನ್ನು ಸರಿಮಾಡಲು ಬೇಕಾದದ್ದು ಒಂದು ಬೆರಳಗಲದ ತಿರುವು. ಅದಕ್ಕಿಂತ ಹೆಚ್ಚಾದರೆ ಎದುರಿಗೆ ಕಾಂಕ್ರೀಟ್ ಗೋಡೆ.

ನನ್ನದು 1989ರ ಫೋರ್ಡ್ ಮಸ್ಟಾಂಗ್ ಎಲ್‌ಎಕ್ಸ್, ಐದು ಲೀಟರಿನ ವಿ-8. 1979ರಿಂದ 1993ರವರೆಗೆ ಬಂದ ಈ ತಲೆಮಾರಿನ ಮಸ್ಟಾಂಗನ್ನು ಇಲ್ಲಿ ಎಲ್ಲರೂ ಫಾಕ್ಸ್ ಬಾಡಿ ಎನ್ನುತ್ತಾರೆ. ನಾನಿರುವುದು ಮಿಶಿಗನ್ನಿನಲ್ಲಿ, ಡೆಟ್ರಾಯಿಟಿನ ಹೊರವಲಯದಲ್ಲಿ. ಕಾರಿನ ಕಾರ್ಖಾನೆಗಳನ್ನು ನಂಬಿ ಬಂದ ಕನ್ನಡಿಗರು ಇಲ್ಲಿ ಕಡಿಮೆಯೇನಿಲ್ಲ. ನಾನೂ ಹಾಗೆ ಬಂದವನು. ಬೇಸಿಗೆಯಲ್ಲಿ ಈ ಕಾರು ಮಿಲನ್ ಊರಿನ ಡ್ರ್ಯಾಗ್ ಸ್ಟ್ರಿಪ್‌ಗೂ ಹೋಗಬೇಕು, ತರಕಾರಿ ತರಲಿಕ್ಕೂ ಹೋಗಬೇಕು. ಟ್ರೇಲರ್ ಮೇಲೆ ಹೇರಿಕೊಂಡು ಹೋಗುವ ಕಾರಾಗಿದ್ದರೆ ಸ್ಟೀರಿಂಗ್ ಬಗ್ಗೆ ಇಷ್ಟು ಯೋಚಿಸುತ್ತಿರಲಿಲ್ಲ. ಓಡಿಸಿಕೊಂಡೇ ಹೋಗಿ, ರೇಸ್ ಮಾಡಿ, ಓಡಿಸಿಕೊಂಡೇ ಮನೆಗೆ ಬರುವ ಕಾರು ಎಂದಾಗ ಪ್ರತಿ ಭಾಗಕ್ಕೂ ಇಬ್ಬರು ಯಜಮಾನರು.

ಪವರ್ ಸ್ಟೀರಿಂಗ್ ಬಂದದ್ದು ಹಟಮಾರಿ ಭಾರದ ವಿರುದ್ಧ. ಪಿಯರ್ಸ್-ಆರೋ ಕಂಪನಿಯಲ್ಲಿ ಲಾರಿಗಳ ಕೆಲಸ ನೋಡಿಕೊಂಡಿದ್ದ ಎಂಜಿನಿಯರ್ ಫ್ರಾನ್ಸಿಸ್ ಡೇವಿಸ್ 1926ರಲ್ಲೇ ಅದನ್ನು ಕಾರಿಗೆ ಜೋಡಿಸಿ ಓಡಿಸಿ ತೋರಿಸಿದ್ದ. ಆದರೆ ಕೊಳ್ಳುವವರ ಕೈಗೆ ಅದು ಸಿಕ್ಕಿದ್ದು ಕಾಲು ಶತಮಾನದ ಮೇಲೆ, 1951ರ ಕ್ರೈಸ್ಲರ್ ಇಂಪೀರಿಯಲ್ ಕಾರಿನಲ್ಲಿ. ಅಲ್ಲಿಂದಾಚೆಗೆ ಅಮೆರಿಕದ ಕಾರುಗಳು ಒಂದೇ ಬೆರಳಲ್ಲಿ ತಿರುಗುವುದೇ ಹೆಚ್ಚುಗಾರಿಕೆ ಎಂಬಂತಾಯಿತು. ಆ ಉಪಕಾರವನ್ನು ನಾನು ಹಗುರವಾಗಿ ಕಾಣುವುದಿಲ್ಲ. ದೊಡ್ಡ ಗಾಡಿಗಳನ್ನು ದಿನವಿಡೀ ಓಡಿಸುವವರ ಭುಜ ಉಳಿಸಿದ್ದು ಅದು. ಆದರೆ ನನ್ನ ಮಸ್ಟಾಂಗಿನಂಥ ಕಾರಿನಲ್ಲಿ, ಗಂಟೆಗೆ 180 ಕಿಲೋಮೀಟರ್ ದಾಟಿದ ಮೇಲೆ ಸ್ಟೀರಿಂಗ್ ಹೂವಿನಷ್ಟು ಹಗುರವಾಗಿದ್ದರೆ ಕೈಗೆ ಏನೂ ಗೊತ್ತಾಗುವುದಿಲ್ಲ. ಟೈರು ನೆಲವನ್ನು ಕಚ್ಚಿದೆಯೋ ತೇಲುತ್ತಿದೆಯೋ ಎಂಬ ಸುದ್ದಿ ಪವರ್ ಸ್ಟೀರಿಂಗಿನ ಎಣ್ಣೆಯಲ್ಲೇ ಕರಗಿಹೋಗುತ್ತದೆ.

ಪವರ್ ಬಿಟ್ಟು ಮ್ಯಾನುಯಲ್ ಸ್ಟೀರಿಂಗಿಗೆ ಹೋಗುವವರು ಸಾಮಾನ್ಯವಾಗಿ ಮೊದಲು ಹೇಳುವ ಕಾರಣ ತೂಕ. ಪಂಪು, ಅದರ ಬ್ರ್ಯಾಕೆಟ್ಟು, ಕೊಳವೆಗಳು, ಎಣ್ಣೆ ಎಲ್ಲ ಇಳಿಸಿದರೆ ಕಾರಿನ ಮೂಗಿನ ಮೇಲಿಂದ ಸುಮಾರು ಹತ್ತು ಕಿಲೋ ಹೋಯಿತೆಂದಿಟ್ಟುಕೊಳ್ಳಿ. ನೂರು ಪೌಂಡಿಗೆ ಒಂದು ಸೆಕೆಂಡಿನ ಹತ್ತನೇ ಒಂದು ಭಾಗ ಎಂಬುದು ಇಲ್ಲಿ ಎಲ್ಲರ ಬಾಯಲ್ಲಿರುವ ಲೆಕ್ಕ. ಆ ಲೆಕ್ಕದಲ್ಲಿ ಹತ್ತು ಕಿಲೋ ಅಂದರೆ ಸೆಕೆಂಡಿನ ನೂರರಲ್ಲಿ ಎರಡು ಭಾಗ. ಅಷ್ಟಕ್ಕಾಗಿ ಯಾರೂ ತೋಳು ನೋಯಿಸಿಕೊಳ್ಳಬೇಕಾಗಿಲ್ಲ. ಇದಕ್ಕಿಂತ ನನಗೆ ಮುಖ್ಯವೆನಿಸುವುದು ಸೋರಿಕೆ. ಹಳೆಯ ಕೊಳವೆಯೊಂದು ಸ್ಟ್ರಿಪ್ ಮೇಲೆ ಬಿಟ್ಟುಕೊಂಡರೆ ಎಣ್ಣೆ ಬೀಳುವುದು ನಮ್ಮದೇ ಟೈರಿನ ಮುಂದೆ. ಆಮೇಲೆ ಅದನ್ನು ಒರೆಸುವವರೆಗೆ ಸಾಲಿನಲ್ಲಿ ನಿಂತವರೆಲ್ಲ ಕಾಯಬೇಕು.

ಅಗ್ಗದ ದಾರಿಯೊಂದಿದೆ. ಪಂಪಿನ ಬೆಲ್ಟ್ ಕಿತ್ತುಹಾಕಿ, ಸ್ಟೀರಿಂಗಿನ ತಿರುಗಾಟವನ್ನು ಮುಂದಿನ ಚಕ್ರಗಳಿಗೆ ದಾಟಿಸುವ ರ‍್ಯಾಕಿನ ಎರಡು ಕೊಳವೆಗಳನ್ನು ಒಂದಕ್ಕೊಂದು ಸೇರಿಸಿಬಿಡುವುದು. ಬಹಳ ಮಂದಿ ಮಾಡುತ್ತಾರೆ, ನಾನು ಯಾರಿಗೂ ಹೇಳುವುದಿಲ್ಲ. ಪವರ್ ರ‍್ಯಾಕಿನ ಒಳಗೆ ಸಣ್ಣದೊಂದು ತಿರುಚುವ ಸರಳಿದೆ. ಚಾಲಕ ಸ್ಟೀರಿಂಗ್ ತಿರುಗಿಸಿದಾಗ ಅದು ತುಸು ತಿರುಚಿಕೊಂಡು ಕವಾಟ ತೆರೆಯುತ್ತದೆ, ಎಣ್ಣೆಯ ಒತ್ತಡ ಉಳಿದ ಕೆಲಸ ಮಾಡುತ್ತದೆ. ಒತ್ತಡವೇ ಇಲ್ಲದಾಗ ಆ ಸರಳು ಮೊದಲು ತಿರುಚಿಕೊಳ್ಳಬೇಕು, ಆಮೇಲೆ ಚಕ್ರ ಕದಲಬೇಕು. ಕೈ ತಿರುಗಿದ್ದಕ್ಕೂ ಚಕ್ರ ತಿರುಗಿದ್ದಕ್ಕೂ ನಡುವೆ ಒಂದು ಸಡಿಲ ಉಳಿದೇಬಿಡುತ್ತದೆ. ಮೇಲಾಗಿ ಒಳಗೆ ಉಳಿದ ಎಣ್ಣೆಯನ್ನು ಆಚೆ ಈಚೆ ನೂಕುವ ಶ್ರಮವೂ ನಮ್ಮದೇ. ಮ್ಯಾನುಯಲ್‌ನ ಭಾರವೆಲ್ಲ ಬಂತು, ಅದರ ಖಚಿತತೆ ಮಾತ್ರ ಬರಲಿಲ್ಲ.

ಆದ್ದರಿಂದ ಹುಟ್ಟಿನಿಂದಲೇ ಮ್ಯಾನುಯಲ್ ಆದ ರ‍್ಯಾಕೇ ಬೇಕು. ಓಹಾಯೋದ ಫ್ಲೇಮಿಂಗ್ ರಿವರ್ ಕಂಪನಿ ಫಾಕ್ಸ್ ಬಾಡಿಗೆಂದೇ ಅದನ್ನು ಮಾಡುತ್ತದೆ, ಎರಡು ಅನುಪಾತಗಳಲ್ಲಿ: 15ಕ್ಕೆ 1, 20ಕ್ಕೆ 1. ಮೊದಲನೆಯದರಲ್ಲಿ ಸ್ಟೀರಿಂಗ್ ಹದಿನೈದು ಡಿಗ್ರಿ ತಿರುಗಿದರೆ ಚಕ್ರ ಒಂದು ಡಿಗ್ರಿ ತಿರುಗುತ್ತದೆ. ಎರಡನೆಯದರಲ್ಲಿ ಇಪ್ಪತ್ತು ಡಿಗ್ರಿ ಬೇಕು. ಇಲ್ಲೇ ಎಲ್ಲರ ತಕರಾರು. ರೇಸಿನ ಕಾರು, ಚುರುಕಾಗಿರಲಿ ಎಂದು 15ರ ಕಡೆ ಕೈ ಹೋಗುವುದು ಸಹಜ. ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ: ರಸ್ತೆಯಲ್ಲೂ ಓಡುವ ಡ್ರ್ಯಾಗ್ ಕಾರಿಗೆ 20. ಚುರುಕು ಬೇಕಾದದ್ದು ತಿರುವುಗಳ ಟ್ರ್ಯಾಕಿನಲ್ಲಿ. ಕಾಲು ಮೈಲಿಯಲ್ಲಿ ಬೇಕಾದದ್ದು ಇದಕ್ಕೆ ತೀರ ವಿರುದ್ಧ. ಗಾಬರಿಯಲ್ಲಿ ಕೈ ತುಸು ಹೆಚ್ಚೇ ಅಲುಗಿದರೂ ಚಕ್ರ ಕಡಿಮೆ ಅಲುಗಬೇಕು. ಬೆರಳಗಲದ ತಿದ್ದುಪಡಿಗೆ ಜಾಗ ಸಿಗುವುದು ನಿಧಾನದ ಅನುಪಾತದಲ್ಲಿ. ಜೊತೆಗೆ ಉಳಿದೆಲ್ಲ ಒಂದೇ ಆಗಿದ್ದರೆ 15ಕ್ಕೆ ಹಾಕುವ ಬಲದ ಮುಕ್ಕಾಲು ಪಾಲು 20ಕ್ಕೆ ಸಾಕು. ಪಾರ್ಕಿಂಗ್ ಲಾಟಿನಲ್ಲಿ ಆ ಕಾಲು ಪಾಲಿನ ಬೆಲೆ ಭುಜಕ್ಕೆ ಗೊತ್ತು.

ಕ್ರೈಸ್ಲರ್ ಬಳಗದ ಹಳೆಯ ಡಾರ್ಟ್ ಕಾರುಗಳನ್ನು ಸಾಕಿಕೊಂಡವರಲ್ಲೂ ಇದೇ ಚರ್ಚೆ. ಅವರಿಗೆ ರ‍್ಯಾಕ್ ಅಲ್ಲ, ಗೇರ್‌ಬಾಕ್ಸಿನಂಥ ಸ್ಟೀರಿಂಗ್ ಬಾಕ್ಸ್. ಅದರಲ್ಲಿ 24, 20, 16 ಎಂಬ ಅನುಪಾತಗಳು. ಮುಂದೆ ಭಾರದ ಎಂಜಿನ್ ಇಟ್ಟುಕೊಂಡು 16 ಹಾಕಿಸಿಕೊಂಡವರು ಕಾರನ್ನು ಗ್ಯಾರೇಜಿನಿಂದ ಹೊರತೆಗೆಯುವಾಗ ಹಲ್ಲು ಕಚ್ಚುವುದನ್ನು ಕಂಡಿದ್ದೇನೆ.

ನನ್ನ ವಯಸ್ಸಿನ ಕನ್ನಡಿಗರಿಗೆ ಇದರಲ್ಲಿ ಹೊಸತೇನಿಲ್ಲ ಎನ್ನುವುದು ನನಗೆ ಖುಷಿ ಕೊಡುತ್ತದೆ. ನಾವು ಕಲಿತದ್ದು ಮಾರುತಿ 800ರಲ್ಲಿ. ಪವರ್ ಸ್ಟೀರಿಂಗ್ ಎಂಬುದೇ ಇರಲಿಲ್ಲ. ಗಾಡಿ ನಿಂತಿರುವಾಗ ಸ್ಟೀರಿಂಗ್ ತಿರುಗಿಸಬೇಡ, ತುಸು ಉರುಳಲಿ, ಆಮೇಲೆ ತಿರುಗಿಸು ಎಂದು ಹಾಸನದ ಡ್ರೈವಿಂಗ್ ಸ್ಕೂಲಿನಲ್ಲಿ ಹೇಳಿಕೊಟ್ಟದ್ದು ನನ್ನ ಕೈಗೆ ಇನ್ನೂ ಅಂಟಿಕೊಂಡಿದೆ. ಘಾಟಿಯ ತಿರುವಿನಲ್ಲಿ ಸೀಟಿನಿಂದ ಅರ್ಧ ಎದ್ದು, ಮೊರದಗಲದ ಸ್ಟೀರಿಂಗಿಗೆ ಇಡೀ ಮೈ ಕೊಟ್ಟು ತಿರುಗಿಸುತ್ತಿದ್ದ ಬಸ್ಸಿನ ಚಾಲಕರನ್ನು ನೋಡುತ್ತ ಬೆಳೆದವರು ನಾವು. ಇಲ್ಲಿ ಹುಟ್ಟಿ ಬೆಳೆದ ಗೆಳೆಯರು ಮ್ಯಾನುಯಲ್ ಎಂದರೆ ಹೆದರುವುದು ನಿಂತ ಕಾರನ್ನು ತಿರುಗಿಸಲು ಹೋಗಿ. ನಡೆದಾಡುವ ವೇಗ ಬಂದರೆ ಸಾಕು, ಅರ್ಧ ಭಾರ ತಾನಾಗಿ ಇಳಿಯುತ್ತದೆ. ಹಾಗೆಂದು ಎರಡನ್ನೂ ಒಂದೇ ತಕ್ಕಡಿಯಲ್ಲಿಡಲಾಗದು. ಮಾರುತಿ ಏಳುನೂರು ಕಿಲೋ ಮುಟ್ಟದ ಕಾರು. ಮಸ್ಟಾಂಗ್ ಸುಮಾರು 1,400 ಕಿಲೋ, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಮುಂದಿನ ಚಕ್ರಗಳ ಮೇಲೆ.

ಸ್ಟೀರಿಂಗಿನ ಭಾರವನ್ನು ಇಳಿಸಲು ರ‍್ಯಾಕಿಗಿಂತ ಹೆಚ್ಚು ಸಹಾಯ ಮಾಡುವುದು ಟೈರು. ಕಾರ್ಖಾನೆ ಕೊಟ್ಟ ಮುಂದಿನ ಟೈರು 225 ಮಿಲಿಮೀಟರ್ ಅಗಲ. ಡ್ರ್ಯಾಗ್ ಕಾರಿಗೆ ಹಾಕುವ ಸಪೂರ ಟೈರು ನೆಲವನ್ನು ಮುಟ್ಟುವ ಜಾಗವೇ ಬಲು ಕಡಿಮೆ. ನಿಂತಲ್ಲೇ ತಿರುಗಿಸಿದರೂ ಉಜ್ಜಾಟ ಕಡಿಮೆ. ಆದರೆ ಮಳೆ ಬಂದ ಸಂಜೆ, ಫ್ರೀವೇಯಲ್ಲಿ ಮುಂದಿನವನು ಥಟ್ಟನೆ ನಿಂತಾಗ, ಬ್ರೇಕಿನ ಬಹುಪಾಲು ಭಾರ ಹೊರಬೇಕಾದವು ಅದೇ ಮುಂದಿನ ಟೈರುಗಳು. ಅದಕ್ಕಾಗಿ ರಸ್ತೆಗೆ ನಾನು ತೀರ ಸಪೂರವಾದದ್ದನ್ನು ಒಪ್ಪುವುದಿಲ್ಲ. ನಡುವಿನ ಅಗಲವೊಂದಕ್ಕೆ ನಿಂತಿದ್ದೇನೆ. ಇನ್ನು ಸ್ಟೀರಿಂಗ್ ಚಕ್ರದ ಮಾತು. ಹದಿಮೂರು ಇಂಚಿನ ಪುಟ್ಟ ಚಕ್ರ ನೋಡಲು ಚೆಂದ. ಹದಿನೈದರಿಂದ ಹದಿಮೂರಕ್ಕೆ ಇಳಿದರೆ ಹಾಕಬೇಕಾದ ಬಲ ನೂರಕ್ಕೆ ಹದಿನೈದರಷ್ಟು ಏರುತ್ತದೆ. ನನ್ನ ಕಾರಿನಲ್ಲಿ ದೊಡ್ಡದೇ ಇದೆ.

ಎಲ್ಲಕ್ಕಿಂತ ಹೆಚ್ಚು ತಲೆ ತಿಂದದ್ದು ಕ್ಯಾಸ್ಟರ್. ಮುಂದಿನ ಚಕ್ರ ಯಾವ ಅಕ್ಷದ ಸುತ್ತ ತಿರುಗುತ್ತದೋ ಆ ಅಕ್ಷ ಹಿಂದಕ್ಕೆ ಎಷ್ಟು ವಾಲಿದೆ ಎಂಬ ಕೋನ ಅದು. ಸೈಕಲ್ಲಿನ ಮುಂದಿನ ಫೋರ್ಕ್ ಹಾಗೆ ವಾಲಿರುವುದರಿಂದಲೇ ಹ್ಯಾಂಡಲ್ ಬಿಟ್ಟು ಓಡಿಸುವ ಹುಡುಗರಿಗೆ ಚಕ್ರ ತಾನಾಗಿ ನೆಟ್ಟಗಾಗುವ ನೆರವು ಸಿಗುವುದು. ಫಾಕ್ಸ್ ಬಾಡಿಗೆ ಕಾರ್ಖಾನೆ ಕೊಟ್ಟದ್ದು ಒಂದು ಡಿಗ್ರಿಯ ಆಸುಪಾಸು. ಮುಂದಿನ ಚಕ್ರದ ಸಸ್ಪೆನ್ಷನ್ ಕಂಬವಾದ ಸ್ಟ್ರಟ್ಟಿನ ಮೇಲ್ತುದಿಗೆ ಹೊಂದಿಸಬಲ್ಲ ಪ್ಲೇಟು ಹಾಕಿದರೆ ಅದನ್ನು ಮೂರರಾಚೆಗೂ ಒಯ್ಯಬಹುದು. ಸ್ಟ್ರಿಪ್ಪಿನಲ್ಲಿ ಅದರ ಫಲ ಕಣ್ಣಿಗೆ ಕಾಣುತ್ತದೆ. ಫಿನಿಷ್ ಗೆರೆ ದಾಟುವಾಗ ಕಾರು ಗೆರೆ ಎಳೆದಂತೆ ಹೋಗುತ್ತದೆ. ಆದರೆ ಚಕ್ರವನ್ನು ನೆಟ್ಟಗಿಡಲು ಹೆಣಗುವ ಅದೇ ಬಲ, ಅದನ್ನು ತಿರುಗಿಸಲು ಹೋದ ಕೈಯ ವಿರುದ್ಧವೂ ನಿಲ್ಲುತ್ತದೆ. ಪವರ್ ಇದ್ದಾಗ ಪಂಪು ಅದನ್ನು ನುಂಗಿಕೊಳ್ಳುತ್ತಿತ್ತು. ಈಗ ನುಂಗಿಕೊಳ್ಳಬೇಕಾದವನು ಚಾಲಕ. ಸ್ಟ್ರಿಪ್ ಇನ್ನೊಂದು ಡಿಗ್ರಿ ಕೇಳುತ್ತದೆ, ರಸ್ತೆ ಒಂದು ಡಿಗ್ರಿ ಇಳಿಸೆನ್ನುತ್ತದೆ. ಯಾವ ಕಂಪನಿಯ ಕೈಪಿಡಿಯೂ ಇದನ್ನು ತೀರ್ಮಾನಿಸಿಕೊಡುವುದಿಲ್ಲ.

ಜೋಡಿಸುವ ಕೆಲಸದಲ್ಲಿ ಅವಸರಕ್ಕೆ ಎಡೆಯಿಲ್ಲ. ಸ್ಟೀರಿಂಗನ್ನು ರ‍್ಯಾಕಿಗೆ ಸೇರಿಸುವ ಹಳೆಯ ಶಾಫ್ಟಿನ ತುದಿಯಲ್ಲಿ ರಬ್ಬರಿನ ತಟ್ಟೆಯಂಥ ಕೀಲು ಇರುತ್ತದೆ. ಅದನ್ನು ಬಿಟ್ಟು ಉಕ್ಕಿನ ಯೂನಿವರ್ಸಲ್ ಜಾಯಿಂಟಿನ ಶಾಫ್ಟಿಗೆ ಬದಲಾದರೆ ಕೈಗೂ ಚಕ್ರಕ್ಕೂ ನಡುವಿನ ಮೆತ್ತನೆಯ ಭಾಗ ಹೋಗುತ್ತದೆ. ಎರಡು ಜಾಯಿಂಟುಗಳಿದ್ದರೆ ಎರಡರ ಕವೆಗಳೂ ಒಂದೇ ಸಾಲಿನಲ್ಲಿರಬೇಕು. ಇಲ್ಲದಿದ್ದರೆ ಸ್ಟೀರಿಂಗ್ ಒಂದು ಸುತ್ತಿನಲ್ಲೇ ಒಮ್ಮೆ ಬಿಗಿ, ಒಮ್ಮೆ ಸಡಿಲ. ಎಂಜಿನ್ನಿನ ಹೊಗೆ ಸಾಗಿಸುವ ಹೆಡರ್ ಕೊಳವೆಗಳು ಶಾಫ್ಟಿನ ಪಕ್ಕದಲ್ಲೇ ಹಾಯುತ್ತವೆ. ಗಟ್ಟಿಯಾಗಿ ಗ್ಯಾಸ್ ಒತ್ತಿದಾಗ ಎಂಜಿನ್ ತನ್ನ ಮೌಂಟುಗಳ ಮೇಲೆ ವಾಲುತ್ತದೆ ಎಂಬುದನ್ನು ನೆನಪಿಟ್ಟು ಅಂತರ ಬಿಡಬೇಕು. ಜಾಯಿಂಟನ್ನು ಬಿಗಿಹಿಡಿಯುವ ಆ ಸಣ್ಣ ಬೋಲ್ಟಿನ ಮೇಲೆ ಇಡೀ ಕಾರಿನ ಜೀವ ನಿಂತಿದೆ. ನಾನು ಅದಕ್ಕೆ ಹಳದಿ ಬಣ್ಣದಲ್ಲಿ ಗೆರೆ ಎಳೆದಿದ್ದೇನೆ, ಬೋಲ್ಟಿನಿಂದ ಜಾಯಿಂಟಿನವರೆಗೆ ಹಾಯುವ ಒಂದೇ ಗೆರೆ. ಬೋಲ್ಟ್ ಕೂದಲೆಳೆಯಷ್ಟು ಸಡಿಲಾದರೂ ಗೆರೆ ಮುರಿದು ಕಾಣುತ್ತದೆ. ಪ್ರತಿ ಓಟಕ್ಕೂ ಮೊದಲು ಟಾರ್ಚ್ ಹಿಡಿದು ಅದನ್ನು ನೋಡದೆ ಸಾಲಿಗೆ ಹೋಗುವುದಿಲ್ಲ.

ರ‍್ಯಾಕನ್ನು ಚಕ್ರಕ್ಕೆ ಜೋಡಿಸುವ ಟೈ ರಾಡಿನ ಮಟ್ಟವನ್ನೂ ಜೊತೆಗೇ ನೋಡಬೇಕು. ಮೂಗು ಮೇಲೆದ್ದಾಗ ಚಕ್ರವನ್ನು ಹಿಡಿದ ಕಂಟ್ರೋಲ್ ಆರ್ಮ್ ಒಂದು ಕಮಾನಿನಲ್ಲಿ ಚಲಿಸುತ್ತದೆ, ಟೈ ರಾಡ್ ಇನ್ನೊಂದರಲ್ಲಿ. ಎರಡೂ ಹೊಂದದಿದ್ದರೆ ಕೈ ಅಲುಗದೆಯೂ ಚಕ್ರ ತಿರುಗುತ್ತದೆ. ಮೇಲೆದ್ದ ಮೂಗು ಕೆಳಗಿಳಿದು ಚಕ್ರ ನೆಲ ಕಚ್ಚಿದ ಕ್ಷಣ ಕಾರು ಪಕ್ಕಕ್ಕೆ ಚಿಮ್ಮುವುದು ಎಷ್ಟೋ ಸಲ ಇದರಿಂದ. ಒಳ್ಳೆಯ ರ‍್ಯಾಕ್ ಹಾಕಿ ಇದನ್ನು ಬಿಟ್ಟರೆ ಅರ್ಧ ಕೆಲಸ ಮಾಡಿದಂತೆ.

ಈಚೆಗೆ ಮೂರನೆಯ ದಾರಿಯೂ ಬಂದಿದೆ. ಸ್ಯಾಟರ್ನ್ ವ್ಯೂನಂಥ ಕಾರುಗಳಿಂದ ಕಿತ್ತ ವಿದ್ಯುತ್ ಮೋಟಾರನ್ನು ಸ್ಟೀರಿಂಗ್ ಕಾಲಮ್ಮಿಗೆ ಜೋಡಿಸಿ, ಮ್ಯಾನುಯಲ್ ರ‍್ಯಾಕಿಗೇ ನೆರವು ಕೊಡುವುದು. ಪಂಪಿಲ್ಲ, ಎಣ್ಣೆಯಿಲ್ಲ, ಗುಂಡಿ ತಿರುಗಿಸಿ ನೆರವನ್ನು ಹೆಚ್ಚು ಕಡಿಮೆ ಮಾಡಬಹುದು. ಭುಜದ ನೋವಿದ್ದವರಿಗೆ, ದಿನವೂ ಊರೊಳಗೆ ಓಡಿಸುವವರಿಗೆ ನಾನೇ ಇದನ್ನು ಹೇಳುತ್ತೇನೆ. ಇಷ್ಟಪಟ್ಟ ಕಾರನ್ನು ಶೆಡ್ಡಿನಲ್ಲಿ ಮುಚ್ಚಿಡುವುದಕ್ಕಿಂತ ಮೋಟಾರಿನ ಸಹಾಯ ಪಡೆದು ಓಡಿಸುವುದು ಎಷ್ಟೋ ಮೇಲು. ನನಗೆ ಸದ್ಯಕ್ಕೆ ಬೇಡ. ಟಾರಿನ ಸೀಳು, ಕಾಂಕ್ರೀಟಿನ ಸಂದು, ರಸ್ತೆಯ ಅಂಚಿನ ಇಳಿಜಾರು ಎಲ್ಲವೂ ಅಂಗೈಗೆ ಬಂದು ಮುಟ್ಟುವ ಈ ಮಾತುಕತೆಯನ್ನು ಮತ್ತೆ ಕಳೆದುಕೊಳ್ಳಲು ಮನಸ್ಸಿಲ್ಲ.

ಆಗಸ್ಟಿನಲ್ಲಿ ಡೆಟ್ರಾಯಿಟಿನ ವುಡ್‌ವರ್ಡ್ ಅವೆನ್ಯೂ ತುಂಬ ಹಳೆಯ ಕಾರುಗಳ ಜಾತ್ರೆ ನಡೆಯುತ್ತದೆ, 1995ರಿಂದ. ಅರವತ್ತರ ದಶಕದಲ್ಲಿ ಹುಡುಗರು ರಾತ್ರಿ ಪಂದ್ಯ ಕಟ್ಟಿ ಓಡುತ್ತಿದ್ದ ರಸ್ತೆಯೇ ಅದು. ಆ ದಿನ ಕಾರುಗಳು ಆಮೆಯ ವೇಗದಲ್ಲಿ ಸಾಗುತ್ತವೆ. ನಿಲ್ಲು, ಉರುಳು, ಮತ್ತೆ ನಿಲ್ಲು. ಮ್ಯಾನುಯಲ್ ಸ್ಟೀರಿಂಗಿಗೆ ಅದಕ್ಕಿಂತ ಕಠಿಣ ಪರೀಕ್ಷೆ ಇನ್ನೊಂದಿಲ್ಲ. ನನ್ನ ಕಾರು ಸಲೀಸಾಗಿ ಪಾಸಾಗುತ್ತದೆ. ಒಂದು ಜಾಗ ಬಿಟ್ಟು. ಬಹುಮಹಡಿ ಪಾರ್ಕಿಂಗಿನಲ್ಲಿ ಏರುತ್ತಲೇ ತಿರುಗುವ ರ‍್ಯಾಂಪಿನಲ್ಲಿ, ಕಂಬದ ಪಕ್ಕದ ಕೊನೆಯ ಬಿಗಿ ತಿರುವಿನಲ್ಲಿ, ಮೂರೂವರೆ ಡಿಗ್ರಿ ಕ್ಯಾಸ್ಟರ್ ಇನ್ನೂ ನನ್ನ ಮೊಣಕೈಯನ್ನು ಹಿಂದಕ್ಕೆ ಒತ್ತುತ್ತದೆ. ಉಪ್ಪು ಹಾಕಿದ ರಸ್ತೆಗಳಿಗೆ ಹೆದರಿ ನವೆಂಬರಿನಿಂದ ಕಾರು ಗ್ಯಾರೇಜು ಸೇರುತ್ತದೆ. ಈ ಚಳಿಗಾಲ ಕ್ಯಾಸ್ಟರನ್ನು ಮೂರಕ್ಕೆ ಇಳಿಸಿ, ವಸಂತದಲ್ಲಿ ಕಾರನ್ನು ಮಿಲನ್‌ಗೆ ಒಯ್ದು, ಗೆರೆಯ ತುದಿಯಲ್ಲಿ ಕಾರು ಮೊದಲಿನಷ್ಟೇ ಸ್ಥಿರವಾಗಿದೆಯೇ ಎಂದು ನೋಡಬೇಕು. ಅಲುಗಿದರೆ ಅರ್ಧ ಡಿಗ್ರಿ ವಾಪಸ್ಸು, ರ‍್ಯಾಂಪನ್ನು ಬಿಟ್ಟು ಬೀದಿ ಬದಿಯಲ್ಲಿ ನಿಲ್ಲಿಸುತ್ತೇನೆ.