ಓಡುವುದು ಕಾಣುತ್ತದೆ, ನಿಂತದ್ದು?

ಮುಂದಿನ ಕಾರು ನಿಧಾನಿಸಿದರೆ ತಾನೂ ನಿಧಾನಿಸಿ, ಅದು ವೇಗ ಹಿಡಿದರೆ ತಾನೂ ಹಿಡಿದು, ದಾರಿಯುದ್ದಕ್ಕೂ ಅಂತರ ಕಾಯುತ್ತಾ ಹೋಗುವ ಅಡಾಪ್ಟಿವ್ ಕ್ರೂಸ್ ಕಂಟ್ರೋಲ್ ಎಂಬ ಯಂತ್ರಕ್ಕೆ ರಸ್ತೆ ಮಧ್ಯೆ ಕೆಟ್ಟು ನಿಂತ ಲಾರಿ ಕಾಣದೆ ಹೋಗಬಹುದಂತೆ. ತಂಗಿಯ ಮಗನ ಹೊಸ ಕಾರಿನ ಜೊತೆ ಬಂದ ದಪ್ಪ ಪುಸ್ತಕದಲ್ಲೇ ಈ ಎಚ್ಚರಿಕೆ ಇದೆ. ಎರಡು ಸಲ ಓದಿದೆ. ಅಲ್ಲಾಡುವ ಇಲಿಯನ್ನಷ್ಟೇ ಅಲ್ಲ, ಅಲ್ಲಾಡದ ಗೋಡೆಯನ್ನೂ ನೋಡುವುದೇ ಕಣ್ಣಿನ ಕೆಲಸ ಎಂದುಕೊಂಡಿದ್ದವಳು ನಾನು. ನೂರೈವತ್ತು ಮೀಟರ್ ಆಚೆ ಓಡುವ ಕಾರನ್ನು ಹಿಡಿಯುವ ರಾಡಾರ್‌ಗೆ, ಅದೇ ಜಾಗದಲ್ಲಿ ನಿಂತ ಲಾರಿಯ ವಿಷಯದಲ್ಲಿ ಏನು ಕಷ್ಟ?

*

ಕೇಳಿ, ಓದಿ ತಿಳಿದದ್ದು ಇಷ್ಟು. ಬಂಪರಿನ ಒಳಗೋ ಲಾಂಛನದ ಹಿಂದೋ ಕೂತ ರಾಡಾರ್ 77 ಗಿಗಾಹರ್ಟ್ಸ್ ಆಸುಪಾಸಿನ ಅಲೆ ಕಳಿಸುತ್ತದೆ. ವಾಪಸು ಬಂದ ಅಲೆಯಿಂದ ಎದುರಿನ ವಸ್ತು ಎಷ್ಟು ದೂರ, ನಮಗಿಂತ ಎಷ್ಟು ವೇಗ ಅಥವಾ ನಿಧಾನ ಎಂದು ಲೆಕ್ಕ ಹಾಕುತ್ತದೆ. ಅಲೆಗಳು ಕಾರುಗಳಿಂದ ಮಾತ್ರ ವಾಪಸು ಬರುವುದಿಲ್ಲ. ರಸ್ತೆ ಬದಿಯ ಕಬ್ಬಿಣದ ತಡೆ, ತಲೆಯ ಮೇಲಿನ ಊರಿನ ಹೆಸರಿನ ಬೋರ್ಡು, ಮೇಲ್ಸೇತುವೆ, ಚರಂಡಿಯ ಮುಚ್ಚಳ ಎಲ್ಲದರಿಂದಲೂ ಬರುತ್ತವೆ. ಅವೆಲ್ಲ ನಮ್ಮದೇ ವೇಗದಲ್ಲಿ ನಮ್ಮತ್ತ ನುಗ್ಗಿಬರುವಂತೆ ರಾಡಾರಿಗೆ ತೋರುತ್ತವೆ. ನಮ್ಮ ಬೆಂಗಳೂರು–ಮೈಸೂರು ರಸ್ತೆಯಲ್ಲಿ ಪ್ರತಿಯೊಂದಕ್ಕೂ ಬ್ರೇಕ್ ಹಾಕಿದರೆ ರಾಮನಗರ ದಾಟುವುದರೊಳಗೆ ಹಿಂದಿನವರು ನಮಗೆ ಗುದ್ದಿರುತ್ತಾರೆ. ಅದಕ್ಕೇ ಮೊದಲಿನ ಯಂತ್ರಗಳು ನಿಂತದ್ದನ್ನು ಬಹುಮಟ್ಟಿಗೆ ಲೆಕ್ಕದಿಂದಲೇ ಬಿಡುತ್ತಿದ್ದವು. ಈಗ ಗಾಜಿನ ಹಿಂದೆ ಕ್ಯಾಮೆರಾ ಇಟ್ಟು, ಎರಡೂ ಹೇಳಿದ್ದನ್ನು ತಾಳೆ ನೋಡುತ್ತಾರೆ. ಎಷ್ಟೋ ಸುಧಾರಿಸಿದೆ. ಆದರೆ ಕ್ಯಾಮೆರಾ ಗುರುತಿಸುವುದು ತಾನು ಕಲಿತ ಆಕಾರಗಳನ್ನು. ಹಿಂದಿನ ದೀಪವಿಲ್ಲದೆ, ಹುಲ್ಲು ಹೇರಿಕೊಂಡು ಅಡ್ಡ ನಿಂತ ಟ್ರೇಲರ್ ಕತ್ತಲಲ್ಲಿ ಯಾವ ಆಕಾರ?

ಅಂದರೆ ಕಾಣದೆ ಇರುವುದಲ್ಲ, ಕಂಡರೂ ಇದು ವಾಹನ ಎಂದು ನಂಬದೆ ಇರುವುದು. ಹೀಗೆ ಬರೆದುಕೊಂಡ ಮೇಲೆ ನನ್ನ ಗೊಂದಲ ಸ್ವಲ್ಪ ಇಳಿಯಿತು, ಭಯ ಇಳಿಯಲಿಲ್ಲ.

*

ಇದು ಬರೀ ಪುಸ್ತಕದ ಮಾತಲ್ಲ. 2018ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾದ ಕಲ್ವರ್ ಸಿಟಿಯಲ್ಲಿ ಒಂದು ಟೆಸ್ಲಾ ಕಾರು ಹೆದ್ದಾರಿಯಲ್ಲಿ ನಿಂತಿದ್ದ ಅಗ್ನಿಶಾಮಕ ವಾಹನಕ್ಕೆ ಹಿಂದಿನಿಂದ ಗುದ್ದಿತು. ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿ ತನಿಖೆ ಮಾಡಿ ಕೊಟ್ಟ ವಿವರ ಹೀಗಿದೆ: ಕಾರು ಮುಂದಿನ ವಾಹನವನ್ನು ಹಿಂಬಾಲಿಸಿ ಗಂಟೆಗೆ ಸುಮಾರು 34 ಕಿ.ಮೀ. ವೇಗದಲ್ಲಿತ್ತು. ಮುಂದಿನ ವಾಹನ ಪಕ್ಕದ ಲೇನಿಗೆ ಸರಿಯಿತು. ಇನ್ನು ದಾರಿ ಖಾಲಿ ಎಂದುಕೊಂಡ ಯಂತ್ರ, ಚಾಲಕ ಗೊತ್ತುಮಾಡಿದ್ದ 80 ಮೈಲಿ ವೇಗದ ಕಡೆಗೆ ಓಟ ಹೆಚ್ಚಿಸಿತು. ಮೂರ್ನಾಲ್ಕು ಸೆಕೆಂಡಿನಲ್ಲಿ, ಸುಮಾರು 50 ಕಿ.ಮೀ. ವೇಗದಲ್ಲಿ ಡಿಕ್ಕಿ. ಪುಣ್ಯಕ್ಕೆ ಯಾರಿಗೂ ಗಾಯವಾಗಲಿಲ್ಲ.

ಮುಂದಿನವನು ಪಕ್ಕಕ್ಕೆ ಸರಿದದ್ದು ಯಾಕೆ ಎಂದು ಮನುಷ್ಯನಾಗಿದ್ದರೆ ಯೋಚಿಸುತ್ತಿದ್ದ. ಯಂತ್ರಕ್ಕೆ ಆ 'ಯಾಕೆ' ಇಲ್ಲ.

*

ನಮ್ಮ ರಸ್ತೆಯ ಮಾತು ಇದಕ್ಕಿಂತ ಬೇರೆ. ಲಾರಿ ಕೆಟ್ಟು ನಿಂತರೆ ಕ್ಲೀನರ್ ಇಳಿದು ಹಿಂದೆ ಒಂದಷ್ಟು ದೂರದವರೆಗೆ ಕಲ್ಲು ಜೋಡಿಸುತ್ತಾನೆ, ಹೊಂಗೆಯದೋ ಬೇವಿನದೋ ಕೊಂಬೆ ಮುರಿದು ರಸ್ತೆಯ ಮೇಲೆ ಹರಡುತ್ತಾನೆ. ಟಾರಿನ ಮೇಲೆ ಹಸಿರು ಸೊಪ್ಪು ಕಂಡರೆ ಮುಂದೆ ಏನೋ ನಿಂತಿದೆ ಎಂದು ಈ ಸೀಮೆಯಲ್ಲಿ ಬಸ್ಸಿನ ಕಿಟಕಿ ಪಕ್ಕ ಕೂತು ಬೆಳೆದ ಮಗುವಿಗೂ ಗೊತ್ತು. ಲಾರಿಯ ಎಡಬಾಗಿಲಿನಿಂದ ಹೊರಬಂದ ಕೈ ಮೇಲೆ ಕೆಳಗೆ ಆಡಿದರೆ ನಿಧಾನ ಎಂದರ್ಥ, ಮುಂದಕ್ಕೆ ಬೀಸಿದರೆ ಹೋಗು ಎಂದರ್ಥ. ಸರಳು ಹೇರಿದ ಗಾಡಿಯ ತುದಿಯಲ್ಲಿ ಕೆಂಪು ಬಟ್ಟೆ. ರಸ್ತೆ ಅಂಚಿನಲ್ಲಿ ಕುರಿಗಳ ಮುಂದೆ ನಿಂತು ಕೋಲು ಎತ್ತಿದ ಹುಡುಗ.

ಇವುಗಳಲ್ಲಿ ಒಂದನ್ನೂ ರಾಡಾರ್ ಓದುವುದಿಲ್ಲ. ಸೊಪ್ಪು ಅದಕ್ಕೆ ಇಲ್ಲವೇ ಇಲ್ಲ. ಆದ್ದರಿಂದ ಈ ಯಂತ್ರ ಹಾಕಿಕೊಂಡವರಿಗೆ ಕಾಲಿನ ಕೆಲಸ ಕಡಿಮೆಯಾಗಬಹುದು, ಓದುವ ಕೆಲಸ ಪೂರ್ತಿ ಅವರದೇ. ಇದನ್ನು ನಾನು ತಂಗಿಯ ಮಗನಿಗೆ ಪದೇ ಪದೇ ಹೇಳುತ್ತೇನೆ. "ಗೊತ್ತು ದೊಡ್ಡಮ್ಮ," ಅನ್ನುತ್ತಾನೆ. ಗೊತ್ತಿರಲಿ, ಮತ್ತೆ ಹೇಳುತ್ತೇನೆ.

*

ಕಾಲಿನ ವಿಷಯ. ಕ್ರೂಸ್ ಹಾಕಿದ ಕೂಡಲೇ ಅವನ ಬಲಗಾಲು ಎಲ್ಲಿಗೆ ಹೋಗುತ್ತದೆ ಎಂದು ನೋಡಿದೆ. ಪೆಡಲಿನಿಂದ ಹಿಂದಕ್ಕೆ ಬಂದು ಸೀಟಿನ ಬುಡದಲ್ಲಿ, ಮಂಡಿ ಮಡಚಿ, ಚಪ್ಪಟೆಯಾಗಿ ಕೂತಿತು. ಅಲ್ಲಿಂದ ಎದ್ದು ಬ್ರೇಕ್ ಮುಟ್ಟಬೇಕಾದರೆ ಮೊದಲು ಮಂಡಿ ನೆಟ್ಟಗಾಗಬೇಕು. ಗಂಟೆಗೆ 100 ಕಿ.ಮೀ. ಎಂದರೆ ಸೆಕೆಂಡಿಗೆ ಹತ್ತಿರ ಹತ್ತಿರ 28 ಮೀಟರ್. ಅರ್ಧ ಸೆಕೆಂಡ್ ತಡವಾದರೆ ಮೂರು ಕಾರಿನ ಉದ್ದ ಹೋಯಿತು. ಹಿಮ್ಮಡಿಯನ್ನು ಬ್ರೇಕ್ ಪೆಡಲಿನ ಎದುರಿಗೇ ಊರಿಟ್ಟುಕೊ ಅಂದೆ. ಮೊದಲ ದಿನ ಮೀನಖಂಡ ನೋಯುತ್ತದೆ ಅಂದ. ಈಗ ಅಲ್ಲೇ ಇಡುತ್ತಾನೆ.

ಇನ್ನೊಂದು ಸೂಕ್ಷ್ಮ. ಆಕ್ಸಿಲರೇಟರ್ ಮೇಲೆ ಕಾಲು ಸ್ವಲ್ಪ ಒತ್ತಿದ್ದರೂ ಯಂತ್ರ ತನ್ನ ಬ್ರೇಕನ್ನು ಬಿಟ್ಟುಕೊಡುತ್ತದೆ. ಚಾಲಕ ಬೇಕೆಂದೇ ಒತ್ತುತ್ತಿದ್ದಾನೆ ಎಂದು ತಿಳಿಯುತ್ತದೆ. ಅಭ್ಯಾಸಬಲದಿಂದ ಅಲ್ಲೇ ಪಾದ ಇಟ್ಟುಕೊಂಡವರು 'ಬ್ರೇಕ್ ಹಾಕಲೇ ಇಲ್ಲ' ಎಂದು ಆಮೇಲೆ ದೂರಿದರೆ ಪ್ರಯೋಜನವಿಲ್ಲ.

*

ಬ್ರೇಕ್ ಎಷ್ಟು ಗಟ್ಟಿಯಾಗಿ ಹಾಕುತ್ತದೆ? ಕೂತವರ ಮೈ ಮುಂದಕ್ಕೆ ಹೆಚ್ಚು ವಾಲದಷ್ಟು. ಕ್ರೂಸ್ ತಾನಾಗಿ ಹಾಕುವ ಬ್ರೇಕಿಗೆ ಅಂತರರಾಷ್ಟ್ರೀಯ ಮಾನದಂಡದಲ್ಲೇ ಮಿತಿ ಇದೆ. ಹೆದ್ದಾರಿ ವೇಗದಲ್ಲಿ ಸೆಕೆಂಡಿಗೆ ಸೆಕೆಂಡಿಗೆ ಸುಮಾರು 3.5 ಮೀಟರ್. ಒಣ ರಸ್ತೆಯಲ್ಲಿ ಒಳ್ಳೆಯ ಬ್ರೇಕನ್ನು ಪೂರ್ತಿ ತುಳಿದರೆ ಅದರ ಎರಡು ಪಟ್ಟಿಗಿಂತ ಹೆಚ್ಚು ಸಿಗುತ್ತದೆ. 100ರಿಂದ ಸೊನ್ನೆಗೆ ಬರಲು ಯಂತ್ರದ ಮೆದು ಬ್ರೇಕಿಗೆ 110 ಮೀಟರ್ ಬೇಕು, ತುಳಿದ ಬ್ರೇಕಿಗೆ 50ರ ಒಳಗೆ ಸಾಕು. ಅಪಾಯದಲ್ಲಿ ಜೋರಾಗಿ ಹಿಡಿಯುವ ತುರ್ತು ಬ್ರೇಕ್ ಬೇರೆಯೇ ಒಂದು ವ್ಯವಸ್ಥೆ, ಕೊನೆಯ ಗಳಿಗೆಯದು. ಎರಡನ್ನೂ ಒಂದೇ ಎಂದುಕೊಂಡವರನ್ನು ಬೇಕಾದಷ್ಟು ನೋಡಿದ್ದೇನೆ.

ಮಳೆಯಲ್ಲಿ ಇದೇ ಲೆಕ್ಕ ಇನ್ನೂ ಕೆಡುತ್ತದೆ. ಟೈರಿನ ಕೆಳಗೆ ನೀರಿದೆ ಎಂದು ಅಂತರ ಕಾಯುವ ಯಂತ್ರ ತಾನಾಗಿ ಜಾಗ ಹೆಚ್ಚಿಸಿಕೊಳ್ಳುವುದಿಲ್ಲ. ಒಣಗಿದ್ದಾಗ ಬಿಟ್ಟಷ್ಟೇ ಬಿಡುತ್ತದೆ. ಮೈಸೂರಿಗೆ ಹೋಗುವಾಗ ಮದ್ದೂರಿನ ಹತ್ತಿರ ಜಡಿಮಳೆ ಹಿಡಿದಾಗ ತಂಗಿಯ ಮಗ ತಾನೇ ಕ್ರೂಸ್ ಆರಿಸಿದ. ನಾನು ಹೇಳಬೇಕಾಗಲಿಲ್ಲ.

*

ಎಷ್ಟು ಅಂತರ ಬಿಡಬೇಕೆಂದು ಗೊತ್ತುಮಾಡುವ ಗೆರೆಗಳು. ಅವನ ಕಾರಿನಲ್ಲಿ ನಾಲ್ಕು ಗೆರೆ. ನಾಲ್ಕೂ ಇಟ್ಟರೆ ಸುಮಾರು ಎರಡು ಸೆಕೆಂಡಿನ ಜಾಗ ಬಿಡುತ್ತದೆ. 100ರ ವೇಗದಲ್ಲಿ ಅದು 55 ಮೀಟರ್. ಬಿಟ್ಟ ಜಾಗಕ್ಕೆ ಎಡದಿಂದ ಒಬ್ಬರು ನುಗ್ಗುತ್ತಾರೆ, ಕಾರು ಹಿಂದೆ ಸರಿಯುತ್ತದೆ, ಮತ್ತೆ ಜಾಗ, ಮತ್ತೊಬ್ಬರು. ರೇಗಿಹೋಗಿ ಒಂದೇ ಗೆರೆಗೆ ಇಳಿಸಿದ. ಈ ರೇಗುವಿಕೆ ಬಿಡದಿಯಿಂದ ಶ್ರೀರಂಗಪಟ್ಟಣದವರೆಗೆ ಎಲ್ಲ ಕಾರುಗಳಲ್ಲೂ ಇರಬೇಕು.

ಕೂತಲ್ಲೇ ಲೆಕ್ಕ ಹಾಕಿದೆ. ಒಬ್ಬರು ನುಗ್ಗಿದರೆ ನಾವು ಹಿಂದೆ ಬೀಳುವುದು ಹೆಚ್ಚೆಂದರೆ ಎರಡು ಸೆಕೆಂಡ್. ಮೈಸೂರು ಸೇರುವುದರೊಳಗೆ ಮೂವತ್ತು ಜನ ನುಗ್ಗಲಿ, ತಡವಾಗುವುದು ಒಂದು ನಿಮಿಷ. ಇದನ್ನು ಹೇಳಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದ, ಆಮೇಲೆ ಮೂರು ಗೆರೆ ಮಾಡಿದ.

ಪಕ್ಕದ ಲೇನಿನವನು ನುಗ್ಗುತ್ತಾನೆಂದು ಮನುಷ್ಯನಿಗೆ ಅವನ ಮುಂದಿನ ಚಕ್ರ ತಿರುಗಿದಾಗಲೇ ತಿಳಿಯುತ್ತದೆ. ಯಂತ್ರ ಸಾಮಾನ್ಯವಾಗಿ ಅವನು ನಮ್ಮ ಲೇನಿಗೆ ಸಾಕಷ್ಟು ಬಂದ ಮೇಲೆಯೇ ಒಪ್ಪಿಕೊಳ್ಳುವುದು. ಆ ನಡುವಿನ ಹೊತ್ತು ಚಾಲಕನದು.

*

ಈ ಯಂತ್ರದ ಮೂಲ ಹುಡುಕಿದಾಗ ಸಿಕ್ಕಿದ ವ್ಯಕ್ತಿ ರಾಲ್ಫ್ ಟೀಟರ್, ಅಮೆರಿಕದ ಇಂಜಿನಿಯರ್. ಐದನೆಯ ವಯಸ್ಸಿನಲ್ಲೇ ಕಣ್ಣು ಕಳೆದುಕೊಂಡವರು. ಅವರ ವಕೀಲರು ಕಾರು ಓಡಿಸುವಾಗ ಮಾತಾಡುತ್ತಾ ಆಡುತ್ತಾ ವೇಗ ಏರಿಸಿ ಇಳಿಸುತ್ತಿದ್ದರಂತೆ. ಪಕ್ಕದಲ್ಲಿ ಕೂತ ಟೀಟರ್‌ಗೆ ಆ ಕುಲುಕಾಟ ತಡೆಯಲಾಗದೆ, ವೇಗವನ್ನು ಒಂದೇ ಸಮ ಹಿಡಿಯುವ ಸಾಧನ ಯೋಚಿಸಿದರಂತೆ. 1950ರಲ್ಲಿ ಪೇಟೆಂಟ್, 1958ರಲ್ಲಿ ಕ್ರೈಸ್ಲರ್ ಕಾರುಗಳಲ್ಲಿ ಬಂತು. ಓಡಿಸುವವರಿಗಲ್ಲ, ಪಕ್ಕದಲ್ಲಿ ಕೂತವರಿಗೆ ಹೊಳೆದದ್ದು ಇದು! ನನಗೆ ಬಹಳ ಹಿಡಿಸಿತು.

ಮುಂದಿನ ವಾಹನ ನೋಡಿ ಹೊಂದಿಕೊಳ್ಳುವುದು ಆಮೇಲೆ ಬಂತು. 1995ರ ಮಿತ್ಸುಬಿಷಿ ಡಯಮಾಂಟೆ ಲೇಸರ್ ಹಿಡಿದು ಅಂತರ ಅಳೆಯುತ್ತಿತ್ತು, ಬ್ರೇಕ್ ಹಾಕುತ್ತಿರಲಿಲ್ಲ. 1999ರಲ್ಲಿ ಮರ್ಸಿಡಿಸ್ ಎಸ್-ಕ್ಲಾಸ್ ರಾಡಾರ್ ಇಟ್ಟು ಬ್ರೇಕನ್ನೂ ಹಾಕಿತು. ಕೋಟಿ ಬೆಲೆಯ ಕಾರುಗಳಿಂದ ಇಳಿದು ನಮ್ಮ ಬೀದಿಯ ಮನೆಗಳಿಗೆ ಬಂದದ್ದು 2020ರ ಎಂಜಿ ಗ್ಲೋಸ್ಟರ್, 2021ರ ಮಹೀಂದ್ರ ಎಕ್ಸ್‌ಯುವಿ700 ಬಂದಮೇಲೆ. ಹೊರದೇಶದವರು ಇಪ್ಪತ್ತು ವರ್ಷ ಒಗ್ಗಿಸಿಕೊಂಡದ್ದನ್ನು ನಾವು ಶೋರೂಮಿನಲ್ಲಿ ಕೀಲಿ ತೆಗೆದುಕೊಳ್ಳುವ ಹೊತ್ತಿನಲ್ಲಿ ಕಲಿಯಬೇಕಾಗಿದೆ. ಯಾವ ಡ್ರೈವಿಂಗ್ ಸ್ಕೂಲಿನಲ್ಲೂ ಇದನ್ನು ಹೇಳಿಕೊಡುವುದನ್ನು ನಾನು ಕಂಡಿಲ್ಲ. ಹೇಳಿಕೊಡಲೇಬೇಕು.

*

ಗಣಂಗೂರು ಟೋಲ್. ನಮ್ಮ ಮುಂದೊಂದು ಇನ್ನೋವಾ. ಕ್ರೂಸ್ ಇದ್ದಿದ್ದರೆ ಅದರ ಬೆನ್ನು ಹಿಡಿದು ಕಾರು ತಾನೇ ನಿಧಾನಿಸುತ್ತಾ ಹೋಗುತ್ತಿತ್ತು, ನೋಡಲು ಚೆಂದ. ಇನ್ನೋವಾದ ಫಾಸ್ಟ್ಯಾಗ್ ಓದಿತು, ಕಂಬ ಎದ್ದಿತು, ಅದು ಹೊರಟಿತು, ಕಂಬ ಇಳಿಯಿತು. ಈಗ ಕಾರಿನ ಮುಂದೆ ವಾಹನವಿಲ್ಲ, ಅಡ್ಡಲಾಗಿ ಒಂದು ತೆಳ್ಳನೆ ಕೋಲು ಅಷ್ಟೆ. ಯಂತ್ರದ ನೆನಪಿನಲ್ಲಿ 100 ಎಂದು ಬರೆದಿದೆ. ಟೋಲಿನ ಬೋರ್ಡು ಕಂಡಾಗಲೇ ತಂಗಿಯ ಮಗ ಕ್ರೂಸ್ ಆರಿಸಿದ್ದ. ಹಾಗೇ ಮಾಡಬೇಕು, ಸಾಲಿನಲ್ಲಿ ನಿಂತ ಮೇಲಲ್ಲ.

ಆ ನೆನಪೇ ನನಗೆ ಹೆಚ್ಚು ಹೆದರಿಕೆ. ಬ್ರೇಕ್ ಮುಟ್ಟಿದರೆ ಕ್ರೂಸ್ ಬಿಡುತ್ತದೆ, ಆದರೆ 100 ಮರೆಯುವುದಿಲ್ಲ. ಎಕ್ಸ್‌ಪ್ರೆಸ್‌ವೇ ಇಳಿದು ಸರ್ವಿಸ್ ರಸ್ತೆಗೆ ಬಂದು, ಮುಂದೆ ಜಾಗ ಸಿಕ್ಕಿತೆಂದು ಹಳೆಯ ವೇಗಕ್ಕೆ ಮರಳಿಸುವ 'ರೆಸ್' ಗುಂಡಿ ಒತ್ತಿದರೆ, ಹಸು ಕಟ್ಟಿದ, ಮಕ್ಕಳು ದಾಟುವ ರಸ್ತೆಯಲ್ಲಿ ಕಾರು 100ರ ಕಡೆಗೆ ಎಳೆಯುತ್ತದೆ. ಮುಖ್ಯರಸ್ತೆಗೆ 2023ರ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರ್ ಬಿಡುತ್ತಿಲ್ಲ. ಅವರೆಲ್ಲ ಇರುವುದು ಈ ಸರ್ವಿಸ್ ರಸ್ತೆಯಲ್ಲೇ. ಸರ್ವಿಸ್ ರಸ್ತೆಯಲ್ಲಿ ಕ್ರೂಸ್ ಬೇಡವೇ ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ.

ಅದರಲ್ಲೂ ಕಬ್ಬು ಕಡಿಯುವ ಕಾಲದಲ್ಲಿ. ಮಂಡ್ಯದ ಕಬ್ಬಿನ ಟ್ರ್ಯಾಕ್ಟರನ್ನು ಹಿಂದಿನಿಂದ ಹತ್ತಿರದಲ್ಲಿ ನೋಡಿ: ಜಲ್ಲೆಗಳು ಟ್ರೇಲರಿನಾಚೆ ಚಾಚಿ, ನೆಲದ ಕಡೆ ಬಾಗಿ, ದೀಪವನ್ನು ಮುಚ್ಚಿರುತ್ತವೆ. ರಾಡಾರಿಗೆ ಗಟ್ಟಿಯಾಗಿ ಉತ್ತರ ಕೊಡುವುದು ಒಳಗಿರುವ ಕಬ್ಬಿಣ. ಹೊರಗೆ ಚಾಚಿದ ತುದಿಯಿಂದ ಅಲ್ಲ, ಆ ಕಬ್ಬಿಣದಿಂದ ಅದು ಅಂತರ ಅಳೆದೀತು. ಸರಳು ಹೇರಿದ ಗಾಡಿಯದೂ ಇದೇ ಕಥೆ. ಹೊರಚಾಚಿದ ಹೊರೆಯ ಬಗ್ಗೆ ಎಚ್ಚರವಿರಲಿ ಎಂದು ಕಾರಿನ ಪುಸ್ತಕಗಳೂ ಹೇಳುತ್ತವೆ.

*

ಅಮೆರಿಕದ ಹೆದ್ದಾರಿ ಸುರಕ್ಷತೆಯ ವಿಮಾ ಸಂಸ್ಥೆ 2021ರಲ್ಲಿ ಪ್ರಕಟಿಸಿದ ಅಧ್ಯಯನ: ಈ ಕ್ರೂಸ್ ಅಥವಾ ಇದರ ಜೊತೆ ಲೇನ್ ಹಿಡಿಯುವ ವ್ಯವಸ್ಥೆ ಹಾಕಿಕೊಂಡಾಗ ಚಾಲಕರು ವೇಗಮಿತಿ ಮೀರುವ ಸಾಧ್ಯತೆ ಶೇ. 24ರಷ್ಟು ಹೆಚ್ಚಿತ್ತು. ಅಂತರ ಕಾಯಲು ಮಾಡಿದ ಸಾಧನ ವೇಗಕ್ಕೆ ಧೈರ್ಯ ಕೊಡುತ್ತದೆ ಅಂದರೆ ಇದಕ್ಕೆ ಏನು ಹೇಳುವುದು? ನಮ್ಮ ರಸ್ತೆಯ ಮಿತಿ 100. 100 ಎಂದು ಹಾಕಿದರೆ ಸಾಕಲ್ಲ. ಕಾಲಿನಲ್ಲಿ ಒತ್ತುವಾಗ ವೇಗ ಏರಿದ್ದು ಮೈಗೆ ಗೊತ್ತಾಗುತ್ತದೆ, ಗುಂಡಿ ಒತ್ತಿ ಏರಿಸಿದ್ದು ಗೊತ್ತಾಗುವುದಿಲ್ಲವೇನೋ.

*

ಆಯುಧಪೂಜೆಯ ಮರುದಿನ. ಲಾಂಛನದ ಮೇಲೆ ಚೆಂಡುಹೂವಿನ ದಪ್ಪ ಹಾರ, ಗಾಜಿನ ಮೇಲೆ ನಡುವೆ ವಿಭೂತಿ, ಕುಂಕುಮ. ರಾಡಾರ್ ಲಾಂಛನದ ಹಿಂದೆ, ಕ್ಯಾಮೆರಾ ಗಾಜಿನ ಹಿಂದೆ, ಎರಡಕ್ಕೂ ಅಡ್ಡ. ನನ್ನ ತಂಗಿಗೆ ಹಾರ ತೆಗೆಯಲು ಮನಸ್ಸಿಲ್ಲ. "ಒಣಗೋವರೆಗೂ ಇರಲಿ ಕಣೋ." ಪೂಜೆ ಆಗಲಿ, ಹೊರಡುವ ಮೊದಲು ಹಾರವನ್ನು ಒಳಗೆ ಡ್ಯಾಶ್‌ಬೋರ್ಡಿನ ಮೂಲೆಗೆ ಇಡಿ, ಕುಂಕುಮ ಗಾಜಿನ ಕೆಳತುದಿಗೆ ಹಚ್ಚಿ ಅಂದೆ. ಒಪ್ಪಿದಳು. ಕೆಸರು ಮೆತ್ತಿದರೂ ಇದೇ ತೊಂದರೆ. ಬಂಪರಿಗೆ ಕಬ್ಬಿಣದ ಗಾರ್ಡು ಹಾಕಿಸುವವರು, ಗೀರು ಬಿತ್ತೆಂದು ಬೀದಿ ಅಂಗಡಿಯಲ್ಲಿ ದಪ್ಪಗೆ ಪೇಂಟ್ ಹೊಡೆಸುವವರು, ಗಾಜು ಬದಲಿಸಿ ಕ್ಯಾಮೆರಾವನ್ನು ಮತ್ತೆ ಹೊಂದಿಸದೆ ಬಿಡುವವರು ಇದನ್ನು ತಿಳಿದಿರಬೇಕು.

*

ಭಾವನ ಕಾರಿನಲ್ಲಿ ಕೂತಾಗ ಕಂಡದ್ದು: ಅದು ಮುಂದಿನ ಕಾರಿನ ಹಿಂದೆ ಪೂರ್ತಿ ನಿಂತು ಮತ್ತೆ ಹೊರಡುವುದಿಲ್ಲ. ಒಂದು ವೇಗಕ್ಕಿಂತ ಕೆಳಗೆ ಬಂದರೆ ಟಿಂಗ್ ಎಂದು ಸದ್ದು ಮಾಡಿ ಕೈಬಿಡುತ್ತದೆ. ತಂಗಿಯ ಮಗನದು ನಿಲ್ಲಿಸುತ್ತದೆ, ಮುಂದಿನವರು ಬೇಗ ಹೊರಟರೆ ತಾನೂ ಹೊರಡುತ್ತದೆ, ತಡವಾದರೆ ಗುಂಡಿ ಒತ್ತಬೇಕು. ಕೆಲವು ಕಾರುಗಳು ಬಲಗಡೆ ಇಂಡಿಕೇಟರ್ ಹಾಕಿದ ಕೂಡಲೇ ಓವರ್‌ಟೇಕಿಗೆಂದು ಸ್ವಲ್ಪ ಮುಂದಕ್ಕೆ ಚಿಮ್ಮುತ್ತವೆ. ಹೆಸರು ಒಂದೇ, ಸ್ವಭಾವ ಒಂದೊಂದು. ಕಳೆದ ಹಬ್ಬಕ್ಕೆ ಇವರಿಬ್ಬರೂ ಕಾರು ಅದಲುಬದಲು ಮಾಡಿಕೊಂಡು ಹೊರಟಾಗ, ಒಬ್ಬರ ಕಾರಿನ ಪುಸ್ತಕ ಇನ್ನೊಬ್ಬರ ಕೈಗೆ ಕೊಟ್ಟೆ. ಓದುವವರೆಗೆ ಕಾಲಿನಲ್ಲೇ ಓಡಿಸಿ ಅಂದೆ.